ವಿಶ್ವಸಂಸ್ಥೆಯ ಶೂ ಪ್ರಕರಣ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದೇ ಒಂದು ಮಾತು. ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಹುಡುಗಿಯ ಕಾಲಲ್ಲಿ ಹಳೇ ಚಪ್ಪಲಿ ಕಂಡು ಕೆಳಮನೆಯ ಪೊಲೀಸ್ ತಾತ, "ಏನಮ್ಮಾ, ನಿನ್ನೆ ತಾನೇ ನಿಮ್ಮಮ್ಮ ಹೊಸ ಶೂ ತಂದ್ರಲ್ಲ, ಎಲ್ಲಿ ಅದು?" ಎಂದು ಕೇಳಿದರು. ಅವಳು ತಬ್ಬಿಬ್ಬಾಗಿ, "ಕಾಣ್ತಿಲ್ಲ ತಾತ" ಎಂದುಬಿಟ್ಟಳು.

ಈ ಮಾತನ್ನು ಯಾರ ಮುಂದೆ ಬೇಕಾದರೂ ಆಡಬಹುದು, ನಿವೃತ್ತ ಕಾನ್‌ಸ್ಟೇಬಲ್ ಮುಂದೆ ಆಡಬಾರದು. ತಾತ ಕೆಲಸ ಬಿಟ್ಟಂದಿನಿಂದ ಆ ಕಟ್ಟಡದಲ್ಲಿ ಒಂದು ಕಳವಾಗಲಿ, ಒಂದು ಹೊಡೆದಾಟವಾಗಲಿ, ಹೋಗಲಿ ಒಂದು ಬೆಕ್ಕು ಕಳೆದುಹೋಗುವುದಾಗಲಿ ನಡೆದಿರಲಿಲ್ಲ. ಅವರು ಓದುತ್ತಿದ್ದ ಪೇಪರನ್ನು ಮಡಿಸಿಟ್ಟರು. ಹಸಿದವನ ಮುಂದೆ ಊಟ ಬಡಿಸಿದ ಹಾಗೆ ಮುಖ ಅರಳಿತು. "ಕಾಣ್ತಿಲ್ವಾ? ಯಾವಾಗಿಂದ? ಬಾಗಿಲ ಹೊರಗಿತ್ತಾ, ಒಳಗಿತ್ತಾ? ನೀನು ಮೇಲೆ ಹೋಗು, ಏನೂ ಮುಟ್ಟಬೇಡ, ನಾನು ಬಂದೆ" ಎಂದು ಎದ್ದೇಬಿಟ್ಟರು.

ಶೂ ಎಲ್ಲಿದೆ ಎಂದು ಹುಡುಗಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗಿನ ಜಾವ ತಾನೇ ತಾರಸಿಗೆ ಒಯ್ದು, ಅಮ್ಮ ಬಟ್ಟೆ ಒಗೆಯುವ ನೀಲಿ ಬಕೆಟ್ಟನ್ನು ಅದರ ಮೇಲೆ ಬೋರಲು ಹಾಕಿ ಬಂದಿದ್ದಳು.

ಹುಡುಗಿ ಒಂಬತ್ತನೇ ಕ್ಲಾಸು. ಕಟ್ಟಡದವರು ಅವಳಿಗೆ 'ವಿಶ್ವಸಂಸ್ಥೆ' ಎಂದು ಹೆಸರಿಟ್ಟು ಕೆಲವು ತಿಂಗಳಾಗಿತ್ತು. ಯಾರಾದರೂ ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜಿದರೆ ಮರುಭೂಮಿಯ ಮಕ್ಕಳ ಬಾಯಾರಿಕೆಯ ಬಗ್ಗೆ ಅವಳ ಭಾಷಣ ಶುರು. ತಟ್ಟೆಯಲ್ಲಿ ಊಟ ಬಿಟ್ಟರೆ ಬರಪೀಡಿತ ದೇಶಗಳ ಸುದ್ದಿ. ಅವಳು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಜನ ನಲ್ಲಿ ಕಟ್ಟಿ, ಫ್ಯಾನು ಆರಿಸಿ, ಬೆವರುತ್ತಾ ಕೂರುತ್ತಿದ್ದರು. ಅವಳು ಹೇಳುವುದೆಲ್ಲ ನಿಜವೇ. ನಿಜವನ್ನು ದಿನಾ ಕೇಳುವುದು ಯಾರಿಗೂ ಆಗಿಬರುವುದಿಲ್ಲ, ಅಷ್ಟೇ.

ಹಿಂದಿನ ದಿನ ಶಾಲೆಯಲ್ಲಿ ಸಮಾಜದ ಟೀಚರ್ ಒಂದು ವಿಡಿಯೊ ತೋರಿಸಿದ್ದರು. ಯಾವುದೋ ದೂರದ ದೇಶ, ಕಿಟಕಿಯೇ ಇಲ್ಲದ ಕೋಣೆ, ಅದರಲ್ಲಿ ಇವಳ ವಯಸ್ಸಿನ ಹುಡುಗಿಯರು ಸಾಲಾಗಿ ಕೂತು ಶೂಗೆ ಗೋಂದು ಹಚ್ಚುತ್ತಿದ್ದರು. ಗೋಂದಿನ ಘಾಟಿಗೆ ಒಬ್ಬಳು ತಲೆ ತಿರುಗಿ ಬಿದ್ದಳು. ಪಕ್ಕದವಳು ಅವಳನ್ನು ನೋಡಿದಳು, ಮತ್ತೆ ಗೋಂದು ಹಚ್ಚತೊಡಗಿದಳು. ಆ ಶೂಗಳ ಮೇಲೆ ಹಾರುವ ಕುದುರೆಯ ಗುರುತಿತ್ತು. ಸಂಜೆ ಮನೆಗೆ ಬಂದರೆ ಅಮ್ಮ ನಗುನಗುತ್ತಾ ಡಬ್ಬಿ ತೆಗೆದಳು. ಒಳಗಿಂದ ಅದೇ ಕುದುರೆ ಹಾರಿಬಂತು.

ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಈ ಶೂಗೋಸ್ಕರ ಹೆಚ್ಚಿನ ಪಾಳಿ ಮಾಡಿದ್ದಳು. ಅಪ್ಪ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಇತ್ತ ಬರುತ್ತಿರಲಿಲ್ಲ, ಹಾಗಾಗಿ ಮನೆಯ ಆಸೆಗಳೆಲ್ಲ ಅಮ್ಮನ ಪಾಳಿಯ ಮೇಲೆಯೇ ನಡೆಯಬೇಕು. ಅಂಥವಳ ಮುಖ ನೋಡಿ "ಇದು ಬೇಡ" ಎನ್ನಲು ಮಗಳಿಗೆ ಬಾಯಿ ಬರಲಿಲ್ಲ. ಕಾಲಿಗೆ ಹಾಕಿಕೊಳ್ಳಲು ಮನಸ್ಸೂ ಬರಲಿಲ್ಲ. ಇಡೀ ಲೋಕಕ್ಕೆ ಬುದ್ಧಿ ಹೇಳುವವಳು ಬಕೆಟ್ಟಿನ ಮೊರೆ ಹೊಕ್ಕಳು. ಇವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಕೆಲಸಕ್ಕೆ ಹೊರಟಾಗಿತ್ತು.

ಅಂದು ಶಾಲೆಗೆ ರಜೆ. ಕಟ್ಟಡದಲ್ಲಿ ತನಿಖೆ.

ಪೊಲೀಸ್ ತಾತ ಸೀಮೆಸುಣ್ಣ ತಂದು, ಬಾಗಿಲ ಮುಂದೆ ಶೂ ಇಲ್ಲದ ಜಾಗದ ಸುತ್ತ ಗೆರೆ ಎಳೆದರು. ಧೂಳಿನಲ್ಲಿ ಒಂದು ಹೆಜ್ಜೆ ಗುರುತು ಪತ್ತೆಹಚ್ಚಿ ಬಹಳ ಹೊತ್ತು ಪರೀಕ್ಷಿಸಿದರು. ಅದು ಅವರದೇ ಚಪ್ಪಲಿಯದು ಎಂದು ಗೊತ್ತಾದ ಮೇಲೆ ಕಾಲಿನಿಂದ ಒರೆಸಿದರು. ಗೇಟಿನಲ್ಲಿ ಕ್ಯಾಮೆರಾ ಇತ್ತು. ಆದರೆ ಅದು ಒಳಗೇನೂ ಇಲ್ಲದ ಬರೀ ಡಬ್ಬಿ ಎಂಬ ಗುಟ್ಟು ಕಟ್ಟಡದ ಕಾರ್ಯದರ್ಶಿಗೆ ಮಾತ್ರ ಗೊತ್ತಿತ್ತು. ಈ ಕಾರ್ಯದರ್ಶಿ ಬಣ್ಣದ ಅಂಗಡಿಯವನು. ಅವನು ಕೆಮ್ಮುತ್ತಾ, "ಕ್ಯಾಮೆರಾ ವಿಷಯ ಬಿಡಿ ತಾತ, ಮನುಷ್ಯರನ್ನ ವಿಚಾರಿಸೋಣ" ಎಂದು ಮಾತು ತಿರುಗಿಸಿದ.

ಎರಡನೇ ಮಹಡಿಯ ಇನ್ಶೂರೆನ್ಸ್ ಆಂಟಿಯೂ ಬಂದಳು. "ಅಯ್ಯೋ, ಹೊಸಾ ಶೂ! ಇವತ್ತು ಶೂ, ನಾಳೆ ಚಿನ್ನ. ಅಂದಹಾಗೆ ಕಾರ್ಯದರ್ಶಿಗಳೇ, ಕಳವಿಗೂ ನಮ್ಮಲ್ಲಿ ಒಂದು ಒಳ್ಳೇ ಪಾಲಿಸಿ ಇದೆ."

"ಆಂಟಿ, ಅಷ್ಟೆಲ್ಲ ಏನೂ ಆಗಿಲ್ಲ. ಎಲ್ಲೋ ಇರತ್ತೆ, ಸಿಗತ್ತೆ ಬಿಡಿ" ಎಂದಳು ಹುಡುಗಿ.

"ನೀನು ಸುಮ್ನಿರು ಪುಟ್ಟಿ. ನಿನ್ನ ಕಣ್ಣಲ್ಲಿ ಎಲ್ಲರೂ ಒಳ್ಳೆಯವರೇ" ಎಂದ ತಾತ ಕಾರ್ಯದರ್ಶಿಯತ್ತ ತಿರುಗಿದರು. "ಬೆಳಿಗ್ಗೆ ಎಲ್ಲರ ಮನೆ ಮುಂದಿನ ಚಪ್ಪಲಿ, ಶೂ ಎಲ್ಲಾ ಎತ್ತಿ ಬದಿಗಿಟ್ಟು ಗುಡಿಸೋರು ಯಾರು?"

ಕಾರ್ಯದರ್ಶಿಯ ಮುಖ ಗಂಭೀರವಾಯಿತು. ಆಂಟಿ ಬಾಯಿಗೆ ಕೈಯಿಟ್ಟಳು.

ಮೆಟ್ಟಿಲು ಗುಡಿಸುವವಳನ್ನು ಕಟ್ಟಡದ ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು. ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುವ ವಯಸ್ಸು. ಬೆಳಿಗ್ಗೆ ಇಲ್ಲಿ ಮುಗಿಸಿ, ಆಮೇಲೆ ಇನ್ನೆರಡು ಕಟ್ಟಡ ಗುಡಿಸಿ, ಸಂಜೆ ಕಸ ಒಯ್ಯಲು ಮತ್ತೆ ಬರುತ್ತಿದ್ದಳು.

"ಸಂಜೆ ಬರಲಿ, ವಿಚಾರಿಸೋಣ. ನಾಳೆಯಿಂದ ಬೇರೆಯವರನ್ನ ಕಳಿಸಿ ಅಂತ ಏಜೆನ್ಸಿಗೆ ಹೇಳಿಡ್ತೀನಿ" ಎಂದ ಕಾರ್ಯದರ್ಶಿ.

ಹುಡುಗಿ ತಾರಸಿಗೆ ಓಡಿದಳು. ಶೂ ತಂದು ಮೂಲೆಯಲ್ಲಿಟ್ಟು, "ಸಿಕ್ತು ಸಿಕ್ತು" ಎಂದು ಕೂಗಿದರೆ ಎಲ್ಲ ಮುಗಿಯುತ್ತದೆ ಎಂಬುದು ಅವಳ ಲೆಕ್ಕ. ತಾರಸಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಬೆಳಗಿನ ಜಾವ ಅದನ್ನು ತೆರೆದು, ಗುಡಿಸಿ ಹೋಗುವಾಗ ಬೀಗ ಹಾಕುವವಳು ದೊಡ್ಡಮ್ಮ, ಬೀಗದ ಕೈ ಅವಳ ಸೊಂಟದಲ್ಲಿ. ದೊಡ್ಡಮ್ಮ ಯಾವ ಕಟ್ಟಡದಲ್ಲೋ ಯಾರಿಗೆ ಗೊತ್ತು? ಅಮ್ಮನಿಗೆ ಫೋನ್ ಮಾಡೋಣವೆಂದರೆ ಲಾಂಡ್ರಿಯಲ್ಲಿ ಫೋನ್ ಬಾಗಿಲಲ್ಲೇ ಕೊಟ್ಟು ಒಳಹೋಗಬೇಕು. ಮಧ್ಯಾಹ್ನವೆಲ್ಲ ಅವಳು ಬೆಕ್ಕಿನ ಹಾಗೆ ಮನೆಯಿಂದ ತಾರಸಿಗೆ, ತಾರಸಿಯಿಂದ ಮನೆಗೆ ಸುತ್ತಿದಳು. ಊಟ ಸೇರಲಿಲ್ಲ. ಕಿಟಕಿಯಿಲ್ಲದ ಕೋಣೆಯ ಹುಡುಗಿಯರಿಗೆ ನ್ಯಾಯ ಕೊಡಿಸಲು ಹೋಗಿ, ತನ್ನ ಬಾಗಿಲು ಗುಡಿಸುವವಳ ಬದುಕಿಗೇ ಕಲ್ಲು ಹಾಕಿದೆನಲ್ಲ ಎಂದು ಅಳು ಬಂತು.

ಸಂಜೆ ಪಂಚಾಯಿತಿ ಮೆಟ್ಟಿಲ ಮೇಲೆಯೇ ಸೇರಿತು. ತಾತ ಕುರ್ಚಿಯಲ್ಲಿ ಕೂತರು, ಕಾರ್ಯದರ್ಶಿ ಗೋಡೆಗೊರಗಿದ, ಆಂಟಿ ಮತ್ತಿತರರು ಮೆಟ್ಟಿಲಲ್ಲಿ ಆಸೀನರಾದರು. ದೊಡ್ಡಮ್ಮ ಪೊರಕೆ ಹಿಡಿದೇ ನಿಂತಿದ್ದಳು.

"ನಾನ್ಯಾಕೆ ಸ್ವಾಮಿ ತೊಗೊಳ್ಳಲಿ? ಆ ಶೂನ ನಾನು ಕಣ್ಣಲ್ಲೂ ನೋಡಿಲ್ಲ. ಇಷ್ಟು ವರ್ಷದಲ್ಲಿ ಒಂದು ಪಿನ್ನು ಬಿದ್ದಿದ್ರೂ ಕರೆದು ಕೊಟ್ಟಿದೀನಿ" ಎಂದಳು.

ಹುಡುಗಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಶೂ ಯಾರೂ ಕದ್ದಿಲ್ಲ! ನಾನೇ ಬಚ್ಚಿಟ್ಟಿದ್ದು. ದೊಡ್ಡಮ್ಮಂದು ಏನೂ ತಪ್ಪಿಲ್ಲ" ಎಂದು ಕೂಗಿದಳು.

ಆಂಟಿ ಸೆರಗಿನಿಂದ ಕಣ್ಣೊತ್ತಿಕೊಂಡಳು. "ನೋಡಿದ್ರಾ, ನೋಡಿದ್ರಾ ಮಗೂ ಮನಸ್ಸು! ಇನ್ನೊಬ್ಬರ ತಪ್ಪು ತನ್ನ ತಲೆ ಮೇಲೆ ಹಾಕ್ಕೊಳ್ತಿದೆ!"

"ಇಲ್ಲ ಆಂಟಿ, ನಿಜವಾಗ್ಲೂ ನಾನೇ!"

ತಾತ ನಕ್ಕರು. "ಇಂಥ ತಪ್ಪೊಪ್ಪಿಗೆ ನನ್ನ ಸರ್ವೀಸಲ್ಲಿ ಎಷ್ಟು ನೋಡಿಲ್ಲ! ತನ್ನ ಹೊಸ ಶೂನ ತಾನೇ ಯಾರಮ್ಮಾ ಬಚ್ಚಿಡ್ತಾರೆ? ಕಾರಣ ಬೇಡ್ವಾ?"

"ಕಾರಣ ಇದೆ ತಾತ. ದೂರದ ಒಂದು ದೇಶದಲ್ಲಿ..."

"ಶುರುವಾಯ್ತು ವಿಶ್ವಸಂಸ್ಥೆ!" ಎಂದು ಯಾರೋ ಹಿಂದಿನಿಂದ ಕೂಗಿದರು. ಎಲ್ಲರೂ ಗೊಳ್ಳೆಂದು ನಕ್ಕರು. ದೂರದ ದೇಶ ಅಲ್ಲಿಗೇ ಮುಗಿಯಿತು.

ದೊಡ್ಡಮ್ಮನೇ ಅವಳ ಕೈ ಹಿಡಿದುಕೊಂಡಳು. "ಬೇಡ ಪುಟ್ಟಿ, ನನಗೋಸ್ಕರ ನೀನು ಸುಳ್ಳು ಹೇಳ್ಬೇಡ." ಲೋಕದಲ್ಲಿ ಅವಳ ಮಾತನ್ನು ನಂಬಬೇಕಾಗಿದ್ದ ಒಬ್ಬಳೂ ನಂಬಲಿಲ್ಲ.

"ಹಾಗಾದ್ರೆ ಬನ್ನಿ ತೋರಿಸ್ತೀನಿ! ತಾರಸಿ ಮೇಲೆ, ಅಮ್ಮನ ನೀಲಿ ಬಕೆಟ್ ಕೆಳಗಿದೆ" ಎಂದು ಹುಡುಗಿ ಮೆಟ್ಟಿಲು ಹತ್ತಿದಳು.

ಇಡೀ ಕಟ್ಟಡ ಅವಳ ಹಿಂದೆ ಹೊರಟಿತು. ದೊಡ್ಡಮ್ಮ ಸೊಂಟದಿಂದ ಬೀಗದ ಕೈ ತೆಗೆದು ಬಾಗಿಲು ತೆರೆದಳು. ಬಕೆಟ್ಟು ಇಟ್ಟಲ್ಲೇ ಇತ್ತು, ಇಟ್ಟ ಹಾಗೆಯೇ ಬೋರಲಾಗಿತ್ತು. ಹುಡುಗಿ ಅದನ್ನೆತ್ತಿದಳು.

ಕೆಳಗೆ ಒಂದು ಬಟ್ಟೆ ಕ್ಲಿಪ್ಪು ಬಿಟ್ಟರೆ ಏನೂ ಇರಲಿಲ್ಲ.

"ಇಲ್ಲೇ ಇಟ್ಟಿದ್ದೆ! ನನ್ನಾಣೆ ಇಲ್ಲೇ ಇಟ್ಟಿದ್ದೆ!" ಹುಡುಗಿ ಬಕೆಟ್ಟಿನ ಒಳಗೆ ನೋಡಿದಳು, ನೀರಿನ ಟ್ಯಾಂಕಿನ ಹಿಂದೆ ನೋಡಿದಳು, ಮತ್ತೆ ಬಕೆಟ್ಟಿನೊಳಗೇ ನೋಡಿದಳು.

ಪೊಲೀಸ್ ತಾತ ನಿಧಾನವಾಗಿ ಗಂಟಲು ಸರಿಮಾಡಿಕೊಂಡರು. "ಸರಿ, ಮಗು ಹೇಳಿದ್ದೇ ನಿಜ ಅಂತಿಟ್ಕೊಳ್ಳೋಣ. ಶೂ ಇಲ್ಲಿತ್ತು. ಈಗಿಲ್ಲ. ಇಲ್ಲಿನ ಬೀಗದ ಕೈ ಯಾರ ಹತ್ರ ಇರೋದು?"

ಎಲ್ಲರ ಕಣ್ಣೂ ದೊಡ್ಡಮ್ಮನ ಸೊಂಟದ ಕಡೆ ತಿರುಗಿತು. ಬೆಳಿಗ್ಗೆಯಿಂದ ಬರೀ ಅನುಮಾನವಿತ್ತು. ಹುಡುಗಿ ಸತ್ಯ ಹೇಳಿ ಅದಕ್ಕೆ ಸಾಕ್ಷಿಯನ್ನೂ ಒದಗಿಸಿದ್ದಳು. ದೊಡ್ಡಮ್ಮ ಬೀಗದ ಕೈಯನ್ನು ಕಾರ್ಯದರ್ಶಿಯ ಕೈಗಿಟ್ಟು, ಮೊಣಕಾಲು ಹಿಡಿದುಕೊಂಡು ಕೆಳಗಿಳಿಯತೊಡಗಿದಳು. ಹುಡುಗಿ ಅಳುತ್ತಾ ಅವಳ ಸೆರಗು ಹಿಡಿದು ಹಿಂದೆಯೇ ಇಳಿದಳು. ಮಿಕ್ಕವರು ಸಾವಿನ ಮನೆಯಿಂದ ಬಂದವರಂತೆ ತಲೆ ತಗ್ಗಿಸಿ ಹಿಂಬಾಲಿಸಿದರು.

ಅಷ್ಟರಲ್ಲಿ ಕೆಳಗಿನಿಂದ ಅಮ್ಮ ಹತ್ತಿ ಬಂದಳು.

"ಏನಿದು, ಎಲ್ಲಾ ಮೆಟ್ಟಿಲಲ್ಲೇ ಇದೀರಾ? ಯಾಕೆ ಪುಟ್ಟಿ ಅಳ್ತಿದೀಯಾ?"

ಎಲ್ಲರೂ ಅವಳ ಕಾಲನ್ನೇ ನೋಡುತ್ತಿದ್ದರು. ಅಮ್ಮನ ಕಾಲಲ್ಲಿ ಎರಡು ಕುದುರೆಗಳು ಹಾರುತ್ತಿದ್ದವು.

ಅಮ್ಮ ನಾಚಿಕೊಂಡಳು. "ಓ, ಇದಾ? ಬೆಳಿಗ್ಗೆ ಒಣಗಿದ ಡ್ಯೂಟಿ ಕೋಟು ತರೋಕೆ ಮೇಲೆ ಹೋದೆ. ನನ್ನ ಬಕೆಟ್ ಬೋರಲಾಗಿತ್ತು, ಎತ್ತಿದ್ರೆ ಕೆಳಗೆ ಶೂ! ಬೇರೆ ಯಾರೂ ಮುಟ್ಟದ ನನ್ನ ಬಕೆಟ್ ಕೆಳಗೆ ಇಟ್ಟಿದಾಳೆ ಅಂದ್ರೆ ನನಗೇ ಅಂತ ತಿಳಿದುಹೋಯ್ತು. ಇವಳಿಗೆ ಬಾಯಿಬಿಟ್ಟು ಹೇಳೋಕೆ ಸಂಕೋಚ ನೋಡಿ. ಈ ವರ್ಷ ಇವಳ ಕಾಲೂ ನನ್ನ ಕಾಲೂ ಒಂದೇ ಅಳತೆ ಬೇರೆ ಆಗಿದೆ." ಅವಳು ಮಗಳ ತಲೆ ಸವರಿದಳು. "ದಿನವಿಡೀ ನಿಂತು ನಿಂತು ನನ್ನ ಕಾಲು ಊದೋದು ಇವಳು ಹೇಗೆ ಗಮನಿಸಿದಳೋ! ಇವತ್ತು ಒಂಚೂರೂ ನೋವಿಲ್ಲ ಗೊತ್ತಾ?"

ಇವಳು ಗಮನಿಸಿಯೇ ಇರಲಿಲ್ಲ. ಭೂಪಟದ ಆ ತುದಿಯ ಹುಡುಗಿಯರ ಕೈಬೆರಳು ಅವಳಿಗೆ ಕಂಡಿತ್ತು, ಒಂದೇ ಕೋಣೆಯಲ್ಲಿ ಮಲಗುವ ಅಮ್ಮನ ಪಾದ ಕಂಡಿರಲಿಲ್ಲ. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಮ್ಮನ ಸೊಂಟವನ್ನು ತಬ್ಬಿಕೊಂಡಳು.

ಈಗ ನೋಡಬೇಕಿತ್ತು ಕಟ್ಟಡವನ್ನು. ಆಂಟಿ ಬಿಕ್ಕಿಬಿಕ್ಕಿ ಅತ್ತಳು. ತಾತ ತಮ್ಮ ಕುರ್ಚಿಯಲ್ಲಿ ದೊಡ್ಡಮ್ಮನನ್ನು ಕೂರಿಸಿ, "ತಪ್ಪಾಯ್ತು ತಾಯಿ" ಎಂದು ಕೈಮುಗಿದರು. ಕಾರ್ಯದರ್ಶಿ ಬೀಗದ ಕೈ ಹಿಂದಿರುಗಿಸಿ, ಎಲ್ಲರ ಕಿವಿಯಲ್ಲೂ ಏನೋ ಪಿಸುಗುಟ್ಟಿ, ಸ್ಕೂಟರ್ ಹತ್ತಿ ಹೋದ. ದೀಪ ಹಚ್ಚುವ ಹೊತ್ತಿಗೆ ಎರಡು ಡಬ್ಬಿ ಹಿಡಿದು ಬಂದ.

"ಇದು ದೊಡ್ಡಮ್ಮನಿಗೆ, ಕಟ್ಟಡದ ಪರವಾಗಿ ಕ್ಷಮೆ ಕೇಳ್ಕೊಂಡು. ಇದು ತನ್ನ ಶೂನ ಅಮ್ಮನಿಗೆ ಬಿಟ್ಟುಕೊಟ್ಟ ನಮ್ಮ ವಿಶ್ವಸಂಸ್ಥೆಗೆ. ಅದೇ ಕಂಪನಿದು, ಹುಡುಕಿ ತಂದೆ!"

ಡಬ್ಬಿ ತೆರೆದರು. ಕುದುರೆಗಳು ಸಾಲಾಗಿ ಹಾರಿಬಂದವು. ದೊಡ್ಡಮ್ಮ ಶೂ ಹಾಕಿಕೊಂಡು, ಮೊಣಕಾಲು ಹಿಡಿಯದೆ ನಾಲ್ಕು ಮೆಟ್ಟಿಲು ಹತ್ತಿ ಇಳಿದು, "ಹತ್ತಿದ್ದೇ ಗೊತ್ತಾಗಲಿಲ್ಲ ಕಣೇ ಪುಟ್ಟಿ!" ಎಂದು ಮಗುವಿನ ಹಾಗೆ ನಕ್ಕಳು. ಅದನ್ನು ಬಿಚ್ಚು ಎನ್ನಲು ಯಾರಿಗೆ ನಾಲಿಗೆ ಬಂದೀತು?

ಹುಡುಗಿ ಮಾತ್ರ ತನ್ನ ಡಬ್ಬಿ ಮುಟ್ಟಲಿಲ್ಲ. "ನನಗೆ ಬೇಡ ಅಂಕಲ್. ಇದನ್ನ ಹೇಗೆ ಮಾಡ್ತಾರೆ ಅಂತ ನಿಮಗೆ ಗೊತ್ತಿಲ್ಲ" ಎಂದಳು. ಅಂದು ಅವಳು ಕಟ್ಟಡದ ಕಣ್ಮಣಿ, ಹಾಗಾಗಿ ಯಾರೂ ನಗಲಿಲ್ಲ. ಮೊದಲ ಸಲ ಎಲ್ಲರೂ ಅವಳ ಮಾತನ್ನು ಪೂರ್ತಿ ಕೇಳಿದರು. ಅವಳು ಆ ಕೋಣೆ, ಆ ಘಾಟು, ತಲೆ ತಿರುಗಿ ಬಿದ್ದವಳು, ಅವಳನ್ನು ನೋಡಿಯೂ ಗೋಂದು ಹಚ್ಚಿದವಳು, ಎಲ್ಲವನ್ನೂ ಹೇಳಿದಳು. ಕೊನೆಗೆ, "ಈಗ ನೀವೇ ಹೇಳಿ, ಏನು ಮಾಡಬೇಕು?" ಎಂದಳು.

ಆಂಟಿಯ ಕೆನ್ನೆ ಒದ್ದೆಯಾಗಿತ್ತು. ಗೆದ್ದೆ ಎಂದುಕೊಂಡಳು ಹುಡುಗಿ.

"ಛೆ ಛೆ, ಎಳೇ ಮಕ್ಕಳು" ಎಂದು ಪೊಲೀಸ್ ತಾತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಷ್ಟು ಕಷ್ಟಪಟ್ಟು ಮಾಡಿದ್ದನ್ನ ನಾವೂ ತೊಗೊಳ್ದೇ ಹೋದ್ರೆ ಆ ಮಕ್ಕಳ ಗತಿ ಏನು? ನನಗೂ ಒಂದು ಜೊತೆ ಇರಲಪ್ಪ."

"ನಮ್ಮನೇಲಿ ನಾಲ್ಕು ಜನ, ನಾಲ್ಕೂ ಜೊತೆ ತಂದ್ಬಿಡಿ. ನಮ್ಮಿಂದಾದ ಸಹಾಯ" ಎಂದಳು ಆಂಟಿ, ಮೂಗು ಒರೆಸಿಕೊಳ್ಳುತ್ತಾ.

"ಅಯ್ಯೋ, ಬೇಡ! ನಾನು ಹೇಳಿದ್ದು ಅದಲ್ಲ..." ಎಂದು ಹುಡುಗಿ ಬಡಬಡಿಸಿದಳು.

ಅಮ್ಮ ಅವಳನ್ನು ಪಕ್ಕಕ್ಕೆಳೆದುಕೊಂಡು, ಬಗ್ಗಿ ಹೊಸ ಶೂ ತೊಡಿಸಿ ಲೇಸು ಕಟ್ಟಿದಳು. ಕಾರ್ಯದರ್ಶಿ ಆಗಲೇ ಸ್ಕೂಟರಿನ ಕೀಲಿ ತೆಗೆದಿದ್ದ.

"ಅಂಗಡಿ ಮುಚ್ಚೋದರೊಳಗೆ ಹೋಗಿಬರ್ತೀನಿ. ಬೇಗ ಬೇಗ ಎಲ್ಲರೂ ಅಳತೆ ಹೇಳಿ."