ವಾಹನವು ಸಂಜೆ ನಾಲ್ಕಕ್ಕೆ ಕೆಡಲಿದೆ

ನಾದ ಪ್ರಸಾರ ಇಲಾಖೆಯ ದಾಖಲೆಗಳ ಪ್ರಕಾರ, 'ಊರೂರಿಗೆ ನಾದ' ಅಭಿಯಾನದ ಮೊದಲ ವರ್ಷದಲ್ಲಿ ನಲವತ್ತೊಂದು ಊರುಗಳಿಗೆ ಸಂಗೀತವನ್ನು ಯಶಸ್ವಿಯಾಗಿ ತಲುಪಿಸಲಾಯಿತು. ಈ ಪೈಕಿ ಮೊದಲ ಹನ್ನೊಂದು ಊರುಗಳಲ್ಲಿ ಯಾರೂ ಏನನ್ನೂ ನುಡಿಸಲಿಲ್ಲ. ಇಲಾಖೆ ಇದನ್ನು ಮುಚ್ಚಿಟ್ಟಿತೆಂದು ಯಾರೂ ತಪ್ಪು ತಿಳಿಯಬಾರದು. ವರದಿಯ ನಮೂನೆಯಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ, ಅಷ್ಟೆ.

ತಂಡದಲ್ಲಿ ಐದು ಜನ. ಮುಂದಾಳು ಟ್ರಂಪೆಟ್ ಊದುವವರು. ಐವತ್ತರ ಆಸುಪಾಸು, ಊದಿ ಊದಿ ಉಬ್ಬಿದ ಕೆನ್ನೆ. ಅವರನ್ನು ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ಉಳಿದವರು ಅಕಾರ್ಡಿಯನ್ ನುಡಿಸುವ ಒಬ್ಬ ಹೆಂಗಸು, ಒಬ್ಬ ಗಿಟಾರಿನವರು, ಡ್ರಮ್ ಬಾರಿಸುವ ಅಣ್ಣತಮ್ಮಂದಿರು. ವ್ಯಾನು ಓಡಿಸುತ್ತಿದ್ದವರು ಮಾಸ್ತರ ಸ್ವಂತ ಅಕ್ಕನ ಗಂಡ. ಇಪ್ಪತ್ತಾರು ವರ್ಷಗಳಲ್ಲಿ ತಮ್ಮ ಗಾಡಿ ಒಂದು ಸಲವೂ ದಾರಿಯಲ್ಲಿ ಕೈಕೊಟ್ಟಿಲ್ಲ ಎಂಬುದನ್ನು ಭಾವ, ಬೇರೆಯವರು ತಮ್ಮ ವಿದ್ಯಾರ್ಹತೆ ಹೇಳಿಕೊಳ್ಳುವಂತೆ, ಪರಿಚಯವಾದ ಮೊದಲ ಐದು ನಿಮಿಷದಲ್ಲೇ ಹೇಳಿಬಿಡುತ್ತಿದ್ದರು. ಇವರೆಲ್ಲರ ಮೇಲೆ ಇಲಾಖೆಯಿಂದ ಒಬ್ಬ ಮೇಲ್ವಿಚಾರಕರು. ತೆಳ್ಳನೆಯ, ಒಳ್ಳೆಯ ಮನುಷ್ಯ. ತೊಡೆಯ ಮೇಲೆ ಸದಾ ಒಂದು ಕಡತ ಇರುತ್ತಿತ್ತು. ಇಲ್ಲದಿದ್ದರೆ ಕೈ ಎಲ್ಲಿಡಬೇಕೆಂದು ಅವರಿಗೆ ತೋಚುತ್ತಿರಲಿಲ್ಲ.

ಮೊದಲ ಊರಿನ ಸಭಾಂಗಣದಲ್ಲಿ ಕಾರ್ಯಕ್ರಮ ಮೂರು ಗಂಟೆಗೆ ಆರಂಭವಾಯಿತು. ಸ್ವಾಗತ, ಪ್ರಾಸ್ತಾವಿಕ ನುಡಿ, ಟೇಪು ಕತ್ತರಿಸುವಿಕೆ, ಉದ್ಘಾಟನಾ ಭಾಷಣ, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ. ಇಷ್ಟಾದ ಮೇಲೆ, 'ಸಮಯಾವಕಾಶವಿದ್ದಲ್ಲಿ ಸಂಗೀತ'. ಮಾತು ಮುಟ್ಟಲಾಗದ ಕಡೆಗೆ ಸಂಗೀತ ಮನುಷ್ಯನನ್ನು ಕೊಂಡೊಯ್ಯುತ್ತದೆ ಎಂದು ಮುಖ್ಯ ಅತಿಥಿಗಳು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಅಧ್ಯಕ್ಷರು ಅದನ್ನೇ ಇನ್ನಷ್ಟು ಮಾತಿನಲ್ಲಿ ಅನುಮೋದಿಸಿದರು. ಆರಕ್ಕೆ ಎರಡು ನಿಮಿಷ ಇರುವಾಗ ವಂದನಾರ್ಪಣೆಯವರು 'ಮನತಣಿಸಿದ ಸಂಗೀತಕ್ಕಾಗಿ' ತಂಡಕ್ಕೆ ಧನ್ಯವಾದ ಹೇಳಿದರು. ಆರಕ್ಕೆ ಕಾವಲುಗಾರ ಬೀಗದ ಕೈ ಗೊಂಚಲು ಅಲ್ಲಾಡಿಸಿದ. ಉಳಿದದ್ದು ಫೋಟೋ. ಮಾಸ್ತರು ಟ್ರಂಪೆಟ್ಟನ್ನು ತುಟಿಗಿಟ್ಟು ಉಸಿರು ತುಂಬಿಕೊಂಡರು.

"ಊದಬೇಡಿ ಸರ್, ಫೋಟೋ ಅಲ್ಲಾಡುತ್ತೆ" ಎಂದರು ಫೋಟೋದವರು.

ಎರಡನೆಯ ಊರಿನಲ್ಲೂ ಹೀಗೇ, ಮೂರನೆಯದರಲ್ಲೂ ಹೀಗೇ. ಮಾಸ್ತರು ಕೇಳಿದಾಗ ಮೇಲ್ವಿಚಾರಕರು ಕಡತ ಬಿಡಿಸಿ, ವರದಿಗೆ ಬೇಕಾದ್ದು ಬ್ಯಾನರ್ ಕಾಣುವಂತೆ ಎರಡು ಫೋಟೋ, ಅತಿಥಿಗಳ ಪಟ್ಟಿ ಮತ್ತು ಹಾಜರಾತಿ ಮಾತ್ರ ಎಂದು ಬೆರಳಿಟ್ಟು ತೋರಿಸಿದರು. ಅವರ ಸೇವೆಯ ಹತ್ತೊಂಬತ್ತು ವರ್ಷಗಳೂ ಸಂಗೀತದಲ್ಲೇ ಕಳೆದಿದ್ದವು. ಆದರೆ ಕೇಳುವ ಸಂದರ್ಭ ಇನ್ನೂ ಬಂದಿರಲಿಲ್ಲ. ಎಂಟನೆಯ ಊರಿನಲ್ಲಿ ವೇದಿಕೆ ಇಕ್ಕಟ್ಟಾಗಿ, ಅತಿಥಿಗಳ ನೀರಿನ ಬಾಟಲಿಗಳನ್ನು ದೊಡ್ಡ ಡ್ರಮ್ಮಿನ ಮೇಲೆ ಇಡಲಾಯಿತು. ಆ ಪ್ರವಾಸದಲ್ಲಿ ಡ್ರಮ್ಮು ಹೊರಡಿಸಿದ ಮೊದಲ ಸದ್ದು ಅದೇ. ಅಕಾರ್ಡಿಯನ್ನಿನವರು ಹೆಣಿಗೆ ತಂದಿದ್ದರು. ಪೆಟ್ಟಿಗೆಯ ಮರೆಯಲ್ಲಿ, ಭಾಷಣಕ್ಕೆ ಅರ್ಧ ತೋಳಿನಂತೆ, ಒಂದು ಸ್ವೆಟರ್ ಮುಗಿಸುವ ಹಂತಕ್ಕೆ ಬಂದಿದ್ದರು.

ಮಾಸ್ತರ ಕಷ್ಟ ಬೇರೆ. ಟ್ರಂಪೆಟ್ಟಿನವರ ತುಟಿ ಪೈಲ್ವಾನರ ತೋಳಿನ ಹಾಗೆ. ಹತ್ತು ದಿನ ಸಾಮು ಬಿಟ್ಟರೆ ಸಡಿಲವಾಗುತ್ತದೆ. ತಂಗುವ ವಸತಿಗೃಹಗಳಲ್ಲೆಲ್ಲ 'ಸದ್ದು ಮಾಡಬಾರದು' ಎಂಬ ಫಲಕ. ವ್ಯಾನಿನಲ್ಲಿ ಊದೋಣವೆಂದರೆ ಭಾವನಿಗೆ ಆಗದು. ಎಂಜಿನ್ನಿನ ಉಸಿರಾಟ ಕೇಳದಿದ್ದರೆ ಅವರಿಗೆ ಗಾಡಿ ಓಡಿಸಿದಂತೆಯೇ ಅಲ್ಲ. ಹೀಗಾಗಿ ಮಾಸ್ತರು ದಾರಿಯುದ್ದಕ್ಕೂ ಟ್ರಂಪೆಟ್ಟನ್ನು ಬಟ್ಟೆಯಿಂದ ಒರೆಸುತ್ತ ಕೂರುತ್ತಿದ್ದರು. ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಗಿಟಾರಿನವರು ಅದನ್ನು ನೋಡಿಕೊಂಡೇ ಗಡ್ಡ ಹೆರೆದುಕೊಳ್ಳುತ್ತಿದ್ದರು.

ದಿನಾ ಸಂಜೆ ಅಕ್ಕನ ಫೋನು ಬರುತ್ತಿತ್ತು. ಗಂಡನ ಊಟ ವಿಚಾರಿಸುವುದು ನೆಪ. ಕೇಳಬೇಕಾದ್ದು ತಮ್ಮನ ಸಂಗೀತ. ಹನ್ನೆರಡು ವರ್ಷದ ತಮ್ಮನಿಗೆ, ಮನೆಯಲ್ಲಿ ಎಲ್ಲರೂ ಬೇಡವೆಂದಾಗ, ಮೊದಲ ಟ್ರಂಪೆಟ್ ಕೊಡಿಸಿದವರು ಅವರೇ. ಇವತ್ತು ಏನು ನುಡಿಸಿದೆ ಎಂದು ಕೇಳಿದರೆ ಮಾಸ್ತರು ಎಲ್ಲವನ್ನೂ ನುಡಿಸಿದೆವು, ಜನ ಕೂತಲ್ಲಿಂದ ಏಳಲಿಲ್ಲ ಎನ್ನುತ್ತಿದ್ದರು. ಎರಡನೆಯ ಮಾತು ನಿಜವೇ. ಬಹಳ ಜನ ನಿದ್ದೆ ಹೋಗಿರುತ್ತಿದ್ದರು. ಪಕ್ಕದಲ್ಲಿ ಭಾವ ರಸ್ತೆ ನೋಡಿಕೊಂಡು ಗಾಡಿ ಓಡಿಸುತ್ತಿದ್ದರು.

ಹನ್ನೊಂದನೆಯ ದಿನ ಅಕ್ಕ, ನಿನ್ನ ದನಿ ಯಾಕೋ ಸೊರಗಿದೆಯಲ್ಲ ಎಂದರು.

"ತುಂಬಾ ನುಡಿಸಿದೆ ಅಕ್ಕ. ಅದಕ್ಕೇ ಸುಸ್ತು" ಎಂದರು ಮಾಸ್ತರು.

ಭಾವ ಗೇರು ಬದಲಿಸುವಾಗ ಕರಕರ ಸದ್ದಾಯಿತು. ಆ ಕೈಯಲ್ಲಿ ಅಂಥ ಸದ್ದನ್ನು ಯಾರೂ ಕೇಳಿರಲಿಲ್ಲ.

ಮರುದಿನ ಹನ್ನೆರಡನೆಯ ಊರಿನಲ್ಲಿ, ಸಭಾಂಗಣ ಇನ್ನು ಎರಡು ಬೀದಿ ಇದೆ ಎನ್ನುವಾಗ, ಭಾವ ಗಾಡಿ ನಿಲ್ಲಿಸಿ, ಕೆಳಗಿಳಿದು ಬಾನೆಟ್ ಎತ್ತಿ ಏನೋ ನೋಡಿದರು. ಮತ್ತೆ ಹತ್ತಿ ಕೀಲಿ ತಿರುಗಿಸಿದರೆ ವ್ಯಾನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ನಿಂತದ್ದು ಸರಿಯಾಗಿ ಒಂದು ಗ್ಯಾರೇಜಿನ ಬಾಗಿಲಲ್ಲಿ. ಗ್ಯಾರೇಜಿನ ಯಜಮಾನಿ ಮೊಣಕೈವರೆಗೆ ಎಣ್ಣೆ ಬಳಿದುಕೊಂಡೇ ಬಂದು ಬಾನೆಟ್ಟಿನೊಳಗೆ ಬಗ್ಗಿ ನೋಡಿದರು. ಆಮೇಲೆ ಭಾವನ ಅಂಗಿ ಜೇಬಿನಿಂದ ಇಣುಕುತ್ತಿದ್ದ ಗೇಣುದ್ದದ ಕಪ್ಪು ತಂತಿಯನ್ನು ನೋಡಿದರು. ಭಾವ ಆಕಾಶ ನೋಡಿದರು.

"ಮೂರು ಗಂಟೆ ಕೆಲಸ ಇದೆ" ಎಂದರು ಯಜಮಾನಿ.

"ಮೂರೂವರೆ ಆದ್ರೂ ಚಿಂತೆಯಿಲ್ಲ" ಎಂದರು ಭಾವ.

ಮೇಲ್ವಿಚಾರಕರು ಗಾಬರಿಯಿಂದ ಸಭಾಂಗಣಕ್ಕೆ ಫೋನು ಮಾಡಿದರು. ಅಲ್ಲಿಂದ, ಗಾಬರಿಗೆ ಕಾರಣವಿಲ್ಲ, ಭಾಷಣ ಶುರುವಾಗಿದೆ, ಬ್ಯಾನರ್ ಇದೆ, ತಂಡ ಬರದಿದ್ದರೂ ಕಾರ್ಯಕ್ರಮಕ್ಕೆ ಕೊರತೆಯಾಗದು ಎಂಬ ಉತ್ತರ ಬಂತು.

ಭಾವ ಮಾಸ್ತರ ಕಡೆ ತಿರುಗಿದರು. "ಸುಮ್ನೆ ಕೂತು ಏನ್ಮಾಡ್ತೀಯ? ಪೆಟ್ಟಿಗೆ ತೆಗಿ."

"ಇಲ್ಲಿ ಊದಬಹುದಾ ಭಾವ?"

"ಊದಬಾರದು ಅನ್ನೋ ಬೋರ್ಡು ನನಗಂತೂ ಕಾಣ್ತಿಲ್ಲ."

ಮೊದಲ ಸ್ವರ ಬಿರುಕು ಬಿಟ್ಟ ಮಡಕೆಯ ಹಾಗೆ ಬಂತು. ಎರಡನೆಯದು ಅದಕ್ಕಿಂತ ಕಡೆ. ಮಾಸ್ತರ ಕಿವಿ ಕೆಂಪಾಯಿತು. ತುಟಿ ತಮ್ಮದಲ್ಲ, ಯಾರದೋ ಎರವಲು ಎನ್ನಿಸಿತು. ಕಣ್ಣು ಮುಚ್ಚಿ ಉದ್ದಕ್ಕೆ ಒಂದೇ ಸ್ವರ ಹಿಡಿದರು. ಅದು ನಡುಗಿತು, ನಿಂತಿತು, ಆಮೇಲೆ ತಗಡಿನ ಸೂರಿನ ಕೆಳಗೆ ನಿಧಾನಕ್ಕೆ ಬಿಚ್ಚಿಕೊಂಡಿತು. ಅಕಾರ್ಡಿಯನ್ನಿನವರು ಸ್ವೆಟರನ್ನು ಟೈರಿನ ಮೇಲಿಟ್ಟು ವಾದ್ಯ ಹೆಗಲಿಗೇರಿಸಿದರು. ಡ್ರಮ್ಮಿನ ಅಣ್ಣತಮ್ಮಂದಿರು, ಕಟ್ಟಿಹಾಕಿದ್ದ ಕರು ಬಿಚ್ಚಿದಂತೆ, ಒಂದೇ ನೆಗೆತಕ್ಕೆ ವ್ಯಾನಿನಿಂದ ಇಳಿದರು.

ಗ್ಯಾರೇಜಿನವರು ಸ್ಪ್ಯಾನರ್ ಕೆಳಗಿಟ್ಟರು. ಬಸ್ಸಿಗೆ ಕಾಯುತ್ತಿದ್ದ ಸಾಲು ಬಸ್ಸು ಬಂದರೂ ಹತ್ತಲಿಲ್ಲ, ಬಸ್ಸಿನಲ್ಲಿದ್ದವರೇ ಇಳಿದರು. ಸಭಾಂಗಣದ ಕಿಟಕಿಗಳು ತೆರೆದಿದ್ದವು. ಅಲ್ಲಿನ ಹಿಂದಿನ ಸಾಲು ಮೊದಲು ಬಂತು, ನಡುವಿನದು ಆಮೇಲೆ. ಕಡೆಗೆ, ಮಾತು ಮುಟ್ಟಲಾಗದ ಕಡೆಯ ಬಗ್ಗೆ ಮಾತಾಡುತ್ತಿದ್ದ ಮುಖ್ಯ ಅತಿಥಿಗಳೂ ಬಂದರು. ಕೇಳುಗರಿರುವಲ್ಲಿ ಇರುವುದು ತಮ್ಮ ಕರ್ತವ್ಯವೆಂದು ಅವರು ನಂಬಿದ್ದರು.

ಮೇಲ್ವಿಚಾರಕರು ಎಣ್ಣೆ ಪೀಪಾಯಿಯ ಮೇಲೆ ಕೂತು, ಕಡತವನ್ನು ತಮಗರಿವಿಲ್ಲದೆ ಅಡಿಗೆ ಹಾಕಿಕೊಂಡಿದ್ದರು. ಬಹಳ ಹೊತ್ತಿನ ಮೇಲೆ ಪಕ್ಕದಲ್ಲಿದ್ದ ಭಾವನನ್ನು ಮೆಲ್ಲಗೆ ಕೇಳಿದರು: "ಇವರು ನಮ್ಮ ತಂಡದವರೇನಾ?"

ಆದರೂ ಅವರು ಕರ್ತವ್ಯ ತಪ್ಪಲಿಲ್ಲ. ನಮೂನೆಯಲ್ಲಿ ಸಂಗೀತಕ್ಕೆ ಜಾಗವಿಲ್ಲವಾದರೂ ವಾಹನ ದುರಸ್ತಿಗೆ ಒಂದು ಪುಟವೇ ಇತ್ತು. ದುರಸ್ತಿಯ ಅವಧಿ ಮೂರೂವರೆ ಗಂಟೆ, ಸ್ಥಳದಲ್ಲಿ ಹಾಜರಿದ್ದವರು ನಾನೂರು ಎಂದು ಪ್ರಾಮಾಣಿಕವಾಗಿ ತುಂಬಿದರು. ಒಂದು ವ್ಯಾನು ರಿಪೇರಿಗೆ ನಾನೂರು ಜನ ಏಕೆ ಬೇಕಾಯಿತೆಂದು ಕೇಂದ್ರ ಕಚೇರಿ ವಿವರಣೆ ಕೇಳಿತು. 'ವಾಹನವು ಹಳೆಯದು' ಎಂದು ಅವರು ಉತ್ತರಿಸಿದರು. ಉತ್ತರ ತೃಪ್ತಿಕರವೆಂದು ಕಡತ ಮುಕ್ತಾಯವಾಯಿತು.

ಆದರೆ ನಿರ್ದೇಶಕರ ಕಣ್ಣು ಆ ಅಂಕಿಯ ಮೇಲೆ ಬಿದ್ದಿತ್ತು. ಸಭಾಂಗಣಗಳ ಸರಾಸರಿ ಹಾಜರಾತಿ ಮೂವತ್ತೇಳು. ಅಷ್ಟರಲ್ಲಿ ಹದಿಮೂರನೆಯ ಊರಿನಿಂದ ಅಹವಾಲು ಬಂತು: ಪಕ್ಕದ ಊರಿನಲ್ಲಿ ಕೆಟ್ಟ ವಾಹನ ನಮ್ಮಲ್ಲೇಕೆ ಕೆಡಬಾರದು? ನಾವೂ ತೆರಿಗೆ ಕಟ್ಟುತ್ತೇವೆ. ಹದಿನಾಲ್ಕನೆಯ ಊರಿನವರು ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮಲ್ಲಿ ಎರಡು ದಿನ ಕೆಡಬೇಕೆಂದು ಸಹಿ ಸಂಗ್ರಹಿಸಿದರು. ಇಲಾಖೆ ಸುತ್ತೋಲೆ ಹೊರಡಿಸಿತು. ವಾಹನವು ಪ್ರತಿ ಊರಿನಲ್ಲೂ ತಾರತಮ್ಯವಿಲ್ಲದೆ ಕೆಡತಕ್ಕದ್ದು. ಸಂಜೆ ನಾಲ್ಕಕ್ಕೆ ಕೆಟ್ಟು ಏಳಕ್ಕೆ ಸರಿಹೋಗತಕ್ಕದ್ದು. ವಾಹನ ನಿಜವಾಗಿಯೂ ಕೆಟ್ಟಿದೆಯೆಂದು ಸ್ಥಳೀಯ ಗ್ಯಾರೇಜಿನವರು ದೃಢೀಕರಿಸತಕ್ಕದ್ದು. ದುರಸ್ತಿ ವೇಳೆ ತಂಡವು ಖಾಲಿ ಕೂರತಕ್ಕದ್ದಲ್ಲ. ಸಭಾಂಗಣದ ಕಾರ್ಯಕ್ರಮ ಎಂದಿನಂತೆ ನಡೆಯತಕ್ಕದ್ದು. ಇದರಿಂದ ಅತಿಥಿಗಳಿಗೂ ಅನುಕೂಲವೇ ಆಯಿತು. ಸಂಗೀತದ ಭಯವಿಲ್ಲದೆ ಅವರು ಮನಸಾರೆ ಮಾತಾಡಿ, ನಾಲ್ಕಕ್ಕೆ ಸರಿಯಾಗಿ ಮುಗಿಸಿ, ಓಡೋಡಿ ಗ್ಯಾರೇಜಿಗೆ ಬರುತ್ತಿದ್ದರು. ಊರಿನ ಗೋಡೆಗಳ ಮೇಲೆ ಪ್ರಕಟಣೆ ಕಾಣತೊಡಗಿತು: 'ವಾಹನವು ಸಂಜೆ ನಾಲ್ಕಕ್ಕೆ ಕೆಡಲಿದೆ. ಸರ್ವರಿಗೂ ಸ್ವಾಗತ.'

ಮಾಸ್ತರ ತುಟಿ ಮತ್ತೆ ಹದಕ್ಕೆ ಬಂತು. ಅಕ್ಕನಿಗೆ ಈಗ ಸುಳ್ಳು ಹೇಳಬೇಕಾಗಿರಲಿಲ್ಲ. ಹೇಳಿದ್ದೆಲ್ಲ ನಿಜವಾದ್ದರಿಂದ ಅಕ್ಕ ನಂಬುತ್ತಿರಲಿಲ್ಲ. ಕೊರಗಿದವರು ಭಾವ ಒಬ್ಬರೇ. ಲಾಗ್ ಪುಸ್ತಕದಲ್ಲಿ 'ಕೆಟ್ಟಿತು' ಎಂದು ಬರೆಯುವಾಗ ಮುಖವನ್ನು ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು; ಅಕ್ಷರಗಳು ಗೆರೆ ದಾಟಿ ಹೋಗುತ್ತಿದ್ದವು. ಇಪ್ಪತ್ತಮೂರನೆಯ ಊರಿನಲ್ಲಿ ಅಭ್ಯಾಸಬಲ ಮೇಲಾಯಿತು. ನಾಲ್ಕು ಗಂಟೆಗೆ ಅವರು ಗ್ಯಾರೇಜಿನ ಮುಂದೆ ನೆರೆದ ಜನರಿಗೆ ಹಾರ್ನ್ ಹೊಡೆದು, ದಾರಿ ಬಿಡಿಸಿಕೊಂಡು, ಗಾಡಿಯನ್ನು ನೆಟ್ಟಗೆ ಊರು ದಾಟಿಸಿಯೇ ಬಿಟ್ಟರು. ಮೂರು ಮೈಲಿ ಹೋದ ಮೇಲೆ ನೆನಪಾಗಿ ಹಿಂದಿರುಗಿದರು. ವಾರದೊಳಗೆ ನೋಟೀಸು ಬಂತು: ನಿಗದಿತ ವೇಳೆಯಲ್ಲಿ ವಾಹನವು ಸುಸ್ಥಿತಿಯಲ್ಲಿ ಚಲಿಸಿದ್ದು ಏಕೆ? ತಮ್ಮ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದು?

ಭಾವ ಅದನ್ನು ಎರಡು ಸಲ ಓದಿ, ಮಡಿಸಿ, ಕನ್ನಡಕ ತೆಗೆದರು. ಮರುದಿನ ಬೆಳಿಗ್ಗೆ ವ್ಯಾನು ತೊಳೆಯುತ್ತಿದ್ದ ಭಾವನ ಪಕ್ಕ ಮಾಸ್ತರು ಬಕೆಟ್ಟು ಹಿಡಿದು ನಿಂತುಕೊಂಡರು.

"ನನ್ನಿಂದ ನಿಮ್ಮ ಹೆಸರು ಕೆಡ್ತಾ ಇದೆ ಭಾವ."

ಭಾವ ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. "ಹೆಸರು ತಾನೇ, ಕೆಡಲಿ ಬಿಡು. ಗಾಡಿ ಚೆನ್ನಾಗಿದೆಯಲ್ಲ."

ಆಮೇಲೆ ಬಾನೆಟ್ಟಿನ ಮೇಲಿನ ಒಂದು ಕಲೆಯನ್ನು ಉಗುರಿನಿಂದ ಕೆರೆಯುತ್ತ ಹೇಳಿದರು: "ಮೊನ್ನೆ ಕಡೇಲಿ ನುಡಿಸಿದೆಯಲ್ಲ, ನಿಧಾನದ್ದು. ಅದು ಶುರುವಾದಾಗ ಗಾಡಿ ಕೆಟ್ಟಿರೋದೇ ಮರೆತುಹೋಗಿತ್ತು ನನಗೆ."

ಆ ಮೇಲೆ ಅವರ ಅಕ್ಷರಗಳು ನೆಟ್ಟಗಾದವು. ಅವರು ಕೆಲಸದಲ್ಲಿ ಅರೆಮನಸ್ಸಿನವರಲ್ಲ. ಕೆಡಿಸುವುದೇ ಕರ್ತವ್ಯವಾದರೆ ಅದನ್ನೂ ಅಚ್ಚುಕಟ್ಟಾಗಿ ಮಾಡಬೇಕೆಂದು, ನಾಲ್ಕಕ್ಕೆ ಒಂದು ಸೆಕೆಂಡು ಹೆಚ್ಚುಕಡಿಮೆಯಾಗದಂತೆ ಕೆಡಿಸತೊಡಗಿದರು. ಜನ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ವರ್ಷದ ಕೊನೆಗೆ ಇಲಾಖೆಯ ಕೇಂದ್ರ ಕಚೇರಿಯಲ್ಲಿ ಸಮಾರಂಭ ಏರ್ಪಾಡಾಯಿತು. ಮೂವತ್ತು ಊರುಗಳಲ್ಲಿ ವಾಹನವನ್ನು ವಿಶ್ವಾಸಾರ್ಹವಾಗಿ ಕೆಡಿಸಿದ್ದಕ್ಕಾಗಿ ಭಾವನಿಗೆ ವರ್ಷದ ಉತ್ತಮ ಚಾಲಕ ಪದಕ. ಅಕ್ಕ ಹೊಸ ಸೀರೆಯುಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದರು. ತಂಡ ವೇದಿಕೆಯ ಹಿಂದೆ ಸಾಲಾಗಿ ಕೂತಿತ್ತು. ಕಾರ್ಯಕ್ರಮಪಟ್ಟಿಯ ಕೊನೆಯಲ್ಲಿ 'ಸಮಯಾವಕಾಶವಿದ್ದಲ್ಲಿ' ಎಂದಿತ್ತು. ಸಚಿವರು ಮಾತಾಡಿದರು. ಕಾರ್ಯದರ್ಶಿಗಳು ಮಾತಾಡಿದರು. ಮುಂದಿನ ವರ್ಷ ಹೊಸ ವ್ಯಾನು ಕೊಳ್ಳಲಾಗುವುದೆಂದೂ, ಅದು ಸುಲಭವಾಗಿ ಕೆಡುವಂತಿರಬೇಕೆಂದು ಟೆಂಡರಿನಲ್ಲಿ ಷರತ್ತು ಹಾಕಲಾಗಿದೆಯೆಂದೂ ನಿರ್ದೇಶಕರು ಘೋಷಿಸಿದಾಗ ಕರತಾಡನವಾಯಿತು. ಪದಕ ಕೊರಳಿಗೆ ಬಿದ್ದಾಗ ಗಂಟೆ ನಾಲ್ಕಕ್ಕೆ ಹತ್ತು ನಿಮಿಷ ಇತ್ತು.

ಆಮೇಲೆ ಏನು ಮಾಡಬೇಕೆಂದು ಯಾರೂ ಯಾರಿಗೂ ಹೇಳಲಿಲ್ಲ. ಹಿಂದಿನ ಸಾಲು ಎದ್ದಿತು, ನಡುವಿನ ಸಾಲು ಎದ್ದಿತು. ಸಚಿವರು ಕುರ್ಚಿಯನ್ನು ತಾವೇ ಎತ್ತಿಕೊಂಡರು. ಎಲ್ಲರೂ ಮೆಟ್ಟಿಲಿಳಿದು ಕಚೇರಿಯ ಹಿಂದಿನ ವಾಹನ ನಿಲ್ದಾಣಕ್ಕೆ ಹೋಗಿ, ತೊಳೆದು ಒರೆಸಿ ನಿಲ್ಲಿಸಿದ್ದ ಆ ವ್ಯಾನಿನ ಸುತ್ತ ಶಿಸ್ತಿನಿಂದ ಕೂತರು. ಮೇಲ್ವಿಚಾರಕರು ಅಕ್ಕನಿಗೆ ಎಲ್ಲರಿಗಿಂತ ಮುಂದೆ ಜಾಗ ಮಾಡಿಕೊಟ್ಟರು. ಮಾಸ್ತರು ಪೆಟ್ಟಿಗೆ ತೆರೆದು ಕಾಯುತ್ತ ನಿಂತರು.

ನಿರ್ದೇಶಕರು ಗಡಿಯಾರ ನೋಡಿಕೊಂಡು ಭಾವನ ಕಡೆ ಬಗ್ಗಿದರು. "ಇನ್ನೂ ಕೆಟ್ಟಿಲ್ವಾ?"

"ಈಗ ಕೆಡುತ್ತೆ ಸರ್" ಎಂದು ಭಾವ ಪದಕವನ್ನು ಬೆನ್ನಿನ ಮೇಲೆ ತಿರುಗಿಸಿಕೊಂಡು, ಬಾನೆಟ್ ಎತ್ತಿದರು.