ಕೊನೆಯ ಅಂಕದ ಸೋಫಾ

ನಾಟಕಕಾರನ ಗ್ರಹಚಾರ ಕೆಟ್ಟಿದ್ದು ಒಂದು ಸೋಫಾದಿಂದ. ಅವನ ನಾಟಕದಲ್ಲಿ ಯುದ್ಧ ಇರಲಿಲ್ಲ, ಕೊಲೆ ಇರಲಿಲ್ಲ, ಕಿರೀಟ ಹೊತ್ತ ರಾಜನೂ ಇರಲಿಲ್ಲ. ಒಬ್ಬ ಗೃಹಸ್ಥ, ಅವನ ನಡುಮನೆ, ಅದರಲ್ಲಿ ಒಂದು ಸೋಫಾ, ಒಂದು ನಿಲುಗನ್ನಡಿ, ಒಂದು ಗೋಡೆ ಗಡಿಯಾರ, ಅಷ್ಟೇ. ಅಷ್ಟನ್ನೂ ಹೊಂದಿಸಲಾಗದೆ ಈ ಮಹಾನಗರದಲ್ಲಿ ಒಂದು ನಾಟಕ ನಿಂತುಹೋದೀತು ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಮೊದಲ ಪ್ರದರ್ಶನದ ದಿನ ಬೆಳಿಗ್ಗೆ, ಬ್ರಷ್ಷು ಇನ್ನೂ ಬಾಯಲ್ಲಿರುವಾಗಲೇ ನಿರ್ದೇಶಕನ ಫೋನು ಬಂತು.

"ಬಾಡಿಗೆ ಸಾಮಾನಿನವನು ಕೈಕೊಟ್ಟ ಕಣ್ರೀ. ನಮಗೆ ಅಂತ ಇಟ್ಟಿದ್ದನ್ನೆಲ್ಲ ಯಾವುದೋ ಜಾಹೀರಾತಿನ ಶೂಟಿಂಗಿಗೆ ಕಳಿಸಿಬಿಟ್ಟಿದಾನೆ. ಸಂಜೆ ಒಳಗೆ ನನಗೆ ನಡುಮನೆ ಬೇಕು. ಇಲ್ಲ ಅಂದ್ರೆ ಪರದೆ ಏಳಲ್ಲ."

"ನಾನು ಬರೆಯೋನು. ನಾನೆಲ್ಲಿಂದ ತರಲಿ ಸೋಫಾನ?"

"ಸೋಫಾ ಅಂತ ಬರೆದೋರು ಯಾರು, ನಾನಾ?" ಎಂದು ಕೇಳಿ ನಿರ್ದೇಶಕ ಫೋನಿಟ್ಟ.

ನಾಟಕಕಾರ ಬ್ರಷ್ಷು ಕಚ್ಚಿಕೊಂಡೇ ಕುಸಿದು ಕೂತ. ಊರಿನ ಅತಿ ದೊಡ್ಡ ರಂಗಮಂದಿರದ ಮಾಲೀಕರು ಅವತ್ತು ಸಂಜೆ ನಾಟಕ ನೋಡಲು ಬರುವವರಿದ್ದರು. ಅವರಿಗೆ ಹಿಡಿಸಿದರೆ ಇಡೀ ಸೀಸನ್ ಅವರ ಮಂದಿರದಲ್ಲೇ ಆಟ. ಹಿಡಿಸದಿದ್ದರೆ ಏನು ಎಂಬುದನ್ನು ಹೆಂಡತಿ ಆಗಲೇ ತೀರ್ಮಾನ ಮಾಡಿಯಾಗಿತ್ತು. ಟೂತ್‌ಪೇಸ್ಟಿನ ಜಾಹೀರಾತು, ಶಾಲಾ ವಾರ್ಷಿಕೋತ್ಸವದ ಪ್ರಹಸನ, ಯಾರದೋ ಬೀಳ್ಕೊಡುಗೆಯ ಭಾಷಣ ಎಂದು ಬರೆದೂ ಬರೆದೂ ಬೆರಳು ಸವೆಸಿಕೊಳ್ಳುವ ಗಂಡನನ್ನು ಅವಳು ಬಹಳ ವರ್ಷ ತಾಳ್ಮೆಯಿಂದ ನೋಡಿದ್ದಳು. ಕೊನೆಗೆ ಒಂದು ದಿನ ನಿಷ್ಠುರವಾಗಿ ಹೇಳಿದ್ದಳು, "ಇದೊಂದು ನಾಟಕ ನೋಡೋಣ. ನಿಂತ್ರೆ ಸರಿ. ಬಿದ್ರೆ ಮಾತ್ರ ಸೋಮವಾರದಿಂದ ನನ್ನ ತಮ್ಮನ ಅಂಗಡೀಲಿ ಕೂತ್ಕೋಬೇಕು, ನೋಡಿ."

ತಮ್ಮನದು ಟೈಲ್ಸ್ ಅಂಗಡಿ. ಸ್ನಾನದ ಮನೆಯ ಗೋಡೆಗೆ ತಿಳಿ ಹಸಿರು ಒಪ್ಪುತ್ತದೋ ತಿಳಿ ನೀಲಿ ಒಪ್ಪುತ್ತದೋ ಎಂದು ಗಿರಾಕಿಗಳ ಜತೆ ಬೆಳಗಿನಿಂದ ಸಂಜೆತನಕ ಚರ್ಚಿಸುತ್ತಾ ಕೂರುವ ತನ್ನ ಚಿತ್ರ ಕಣ್ಣಮುಂದೆ ಬಂದರೆ ಸಾಕು, ನಾಟಕಕಾರನ ಎದೆ ಝಲ್ಲೆನ್ನುತ್ತಿತ್ತು. ಭಾಮೈದ ಪಾಪ ಒಳ್ಳೆಯವನೇ. ಭಾವನಿಗೆಂದು ಗಲ್ಲಾದ ಪಕ್ಕ ಕುರ್ಚಿ ಹಾಕಿಸಿ, ಕೂರಲು ಮೆತ್ತೆಯನ್ನೂ ಹೊಲಿಸಿ ಇಟ್ಟಿದ್ದ. ಆ ಮೆತ್ತೆಯ ಸುದ್ದಿ ಕೇಳಿದ ರಾತ್ರಿ ನಾಟಕಕಾರನಿಗೆ ನಿದ್ದೆ ಬಂದಿರಲಿಲ್ಲ.

ಅವನ ಸ್ವಂತ ಮನೆಯಲ್ಲಿದ್ದವು ಪ್ಲಾಸ್ಟಿಕ್ ಕುರ್ಚಿಗಳು, ಅವುಗಳಲ್ಲೂ ಒಂದು ಕಾಲು ಮುರಿದದ್ದು. ಬೇರೆ ದಾರಿ ಕಾಣದೆ ಅವನು ಹೆಂಡತಿಯ ಮುಖ ನೋಡಿದ. ಅವಳು ಮೆಟ್ಟಿಲ ಬಳಿ ನಿಂತು ತಮ್ಮನಿಗೆ ಫೋನು ಹಚ್ಚಿದಳು. ಅವಳ ದನಿ ಹೇಗಿದೆಯೆಂದರೆ ಅವಳು ಫೋನಿನಲ್ಲಿ ಮಾತಾಡಿದ್ದು ಇಡೀ ಕಟ್ಟಡಕ್ಕೆ ವರದಿಯಾಗುತ್ತದೆ. ಅವಳು ಫೋನು ಕೆಳಗಿಡುವ ಮುಂಚೆಯೇ ನೆಲಮಹಡಿಯ ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಮೇಲೆ ಬಂದ. ಮೇಲಿನ ಮಹಡಿಯಿಂದ ನಿವೃತ್ತ ಶಿಕ್ಷಕಿ, ಎಲ್ಲರ ಬಾಯಲ್ಲೂ ಟೀಚರಮ್ಮ, ಇಳಿದು ಬಂದರು.

"ನಿಲುಗನ್ನಡಿ ನಂದು ಕೊಡ್ತೀನಿ ಸಾರ್," ಎಂದ ದರ್ಜಿ. "ಆದರೆ ನಾಳೆ ಅಂಗಡಿ ತೆಗೆಯೋ ಹೊತ್ತಿಗೆ ವಾಪಸ್ ಬರಬೇಕು. ಒಂದು ಗೀರು ಬಿದ್ರೂ ನಾನು ಸುಮ್ನಿರಲ್ಲ."

"ಗಡಿಯಾರ ನಂದು ತಗೊಂಡು ಹೋಗಪ್ಪ," ಎಂದರು ಟೀಚರಮ್ಮ. "ನಮ್ಮ ಯಜಮಾನರು ಇದ್ದಾಗಿಂದ ಒಂದು ದಿನ ನಿಂತಿಲ್ಲ ಅದು. ನಾನೂ ಬಂದು ಮುಂದಿನ ಸಾಲಲ್ಲಿ ಕೂತ್ಕೋತೀನಿ, ಅದರ ಮೇಲೆ ಒಂದು ಕಣ್ಣಿಟ್ಟಿರ್ತೀನಿ."

ಅಷ್ಟರಲ್ಲಿ ಭಾಮೈದನ ಟೈಲ್ಸ್ ಸಾಗಿಸುವ ತೆರೆದ ವ್ಯಾನು ಬಾಗಿಲಿಗೆ ಬಂದು ನಿಂತಿತು. ಅದರ ಹಿಂಬದಿಯಲ್ಲಿ, ಅವನು ತನ್ನ ಅಂಗಡಿಗೆಂದು ಮೊನ್ನೆಯಷ್ಟೇ ಕೊಂಡ ಕೆಂಪು ಸೋಫಾ. ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ಅವನು ಬಿಚ್ಚಿರಲಿಲ್ಲ.

"ಭಾವ, ನಿಮ್ಮ ನಾಟಕ ಅಂತ ಕೊಡ್ತಿದೀನಿ. ಬೇರೆ ಯಾರಾದ್ರೂ ಕೇಳಿದ್ರೆ ಮುಟ್ಟೋಕೂ ಬಿಡ್ತಿರಲಿಲ್ಲ. ಹೊದಿಕೆ ಬೇಕಾದ್ರೆ ತೆಗೀರಿ, ಆದರೆ ಕಾಲಿಡೋದು ಬೇಡ. ನಾನೂ ಬರ್ತೀನಿ ನೋಡೋಕೆ."

"ನಾಟಕ ನೋಡೋಕಾ?"

"ಸೋಫಾ ನೋಡೋಕೆ," ಎಂದ ಭಾಮೈದ ಸರಳವಾಗಿ.

ಮುಂದೆ ಜಾಗವಿರಲಿಲ್ಲವಾದ್ದರಿಂದ ನಾಟಕಕಾರ ವ್ಯಾನಿನ ಹಿಂದೆ ಸೋಫಾದ ಮೇಲೇ ಕೂತ. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದು ಕೈಯಲ್ಲಿ ನಿಲುಗನ್ನಡಿಯ ಅಂಚು. ಸಿಗ್ನಲ್ಲಿನಲ್ಲಿ ಬಸ್ಸಿನ ಜನರೆಲ್ಲ ಕಿಟಕಿಯಿಂದ ಬಗ್ಗಿ, ರಸ್ತೆ ಮಧ್ಯೆ ಸೋಫಾದಲ್ಲಿ ಒರಗಿದ ಈ ಮಹಾರಾಯನನ್ನು ನೋಡಿದರು. ಅವನಿಗೆ ನಾಚಿಕೆಯೇ ಆಗಲಿಲ್ಲ. ಮೈಯೆಲ್ಲ ಪುಳಕ. ಎಷ್ಟು ವರ್ಷದ ಕನಸು, ಇನ್ನು ಕೆಲವೇ ಗಂಟೆಯಲ್ಲಿ ಪರದೆ ಏಳುತ್ತದೆ. ತನ್ನ ಮಾತುಗಳನ್ನು ತಾನೇ ಇನ್ನೊಮ್ಮೆ ಸವಿಯೋಣವೆಂದು ಗಡಿಯಾರವನ್ನು ತೊಡೆಯ ಮೇಲಿಟ್ಟು, ಜೇಬಿನಿಂದ ನಾಟಕದ ಪ್ರತಿ ತೆಗೆದು ಕೊನೆಯ ಪುಟ ತಿರುಗಿಸಿದ.

ಅಲ್ಲಿ ಅವನದೇ ಕೈಬರಹದಲ್ಲಿ ಹೀಗಿತ್ತು: "ಗೃಹಸ್ಥ ಸಿಟ್ಟಿನಿಂದ ಸುತ್ತಿಗೆ ಎತ್ತಿಕೊಂಡು ಮೊದಲು ಕನ್ನಡಿ, ನಂತರ ಗಡಿಯಾರ, ನಂತರ ಸೋಫಾ, ಮನೆಯಲ್ಲಿರುವುದನ್ನೆಲ್ಲ ಒಡೆದು ಪುಡಿಮಾಡಿ, ಬಾಗಿಲು ತೆರೆದು ಹೊರಟುಹೋಗುತ್ತಾನೆ. ಪರದೆ."

ನಾಟಕಕಾರ ಅದನ್ನೇ ಇನ್ನೊಮ್ಮೆ ಓದಿದ. ರಿಹರ್ಸಲ್ಲಿನಲ್ಲಿ ಸಾಮಾನೇ ಇರುತ್ತಿರಲಿಲ್ಲ. ನಾಯಕ ನಟ ಬರಿಗೈ ಬೀಸಿ "ಢಂ, ಢಂ" ಎನ್ನುತ್ತಿದ್ದ, ಎಲ್ಲರೂ ಭೇಷ್ ಅನ್ನುತ್ತಿದ್ದರು. ಸಾಮಾನಿನವನಾದರೆ ಹುಳ ಹಿಡಿದ ಹಳೆಯ ಸಾಮಾನು ಕೊಡುತ್ತಿದ್ದ, ಒಡೆದರೆ ಒಡೆಯಲಿ ಎಂದು. ಈಗ ಒಡೆಯುವುದು ಭಾಮೈದನ ಸೋಫಾ. ಬೆಳಿಗ್ಗೆಯಿಂದ ಓಡಾಡಿದ ಗಡಿಬಿಡಿಯಲ್ಲಿ ಆ ಒಂದು ವಾಕ್ಯ, ಬರೆದವನ ತಲೆಯಿಂದಲೇ ಜಾರಿಹೋಗಿತ್ತು.

ಸಂಜೆಯ ಆಟದ ಸಣ್ಣ ರಂಗಮಂದಿರ ಮುಟ್ಟಿದ್ದೇ ತಡ, ಅವನು ಬಣ್ಣದ ಕೋಣೆಗೆ ಓಡಿದ. ನಾಯಕ ನಟ ಕನ್ನಡಿ ಮುಂದೆ ಮೀಸೆ ಅಂಟಿಸಿಕೊಳ್ಳುತ್ತಿದ್ದ. ಆಳು ಅಂದರೆ ಆಳು, ಬಾಗಿಲಲ್ಲಿ ಓರೆಯಾಗಿ ಬರಬೇಕಾದಷ್ಟು ಅಗಲ.

"ನೋಡಿ, ಕೊನೇಲಿ ಒಡೆಯೋದು ಬೇಡ. ಸುಮ್ನೆ ಹೊರಟುಹೋಗಿ ಸಾಕು."

ನಟನ ಮುಖ ಸಣ್ಣಗಾಯಿತು. "ಇಷ್ಟು ತಿಂಗಳು ಗಾಳಿನೇ ಒಡೆದಿದೀನಿ ಸಾರ್. ಇವತ್ತೊಂದು ದಿನ ನಿಜವಾದ ಸಾಮಾನು ಸಿಕ್ಕಿದೆ. ನನ್ನ ಪಾತ್ರ ಇರೋದೇ ಅದರಲ್ಲಿ. ಅದನ್ನೂ ಕಿತ್ಕೋತೀರಾ?"

ನಿರ್ದೇಶಕನ ಬಳಿ ಹೋದರೆ ಅವನು ಕೈ ಅಡ್ಡ ಹಿಡಿದ. "ಬರೆಯೋ ತನಕ ನಾಟಕ ನಿಮ್ಮದು. ಈಗ ನಂದು. ಒಂದು ಮೊಳೆಯೂ ಉಳೀಬಾರದು ಅಂತ ಹೇಳಿದೀನಿ ಅವನಿಗೆ. ಮಾಲೀಕರು ಬೆಚ್ಚಿಬೀಳಬೇಕು."

ಇನ್ನು ಉಳಿದದ್ದು ಒಂದೇ ದಾರಿ. ಯಾರೂ ನೋಡದಾಗ ನಾಟಕಕಾರ ರಂಗದ ಮೂಲೆಯಲ್ಲಿಟ್ಟಿದ್ದ ಸುತ್ತಿಗೆಯನ್ನು ಎತ್ತಿ ಅಂಗಿಯೊಳಗೆ ತೂರಿಸಿಕೊಂಡು ಪರದೆಯ ಮರೆಗೆ ನಿಂತ. ಸುತ್ತಿಗೆಯ ತಣ್ಣನೆಯ ತಲೆ ಹೊಟ್ಟೆಗೆ ತಾಗಿ ಅವನಿಗೆ ಒಂದಿಷ್ಟು ಸಮಾಧಾನವಾಯಿತು.

ಪರದೆ ಎದ್ದಿತು. ಮುಂದಿನ ಸಾಲಿನಲ್ಲಿ ಹೆಂಡತಿ, ಅವಳ ಎಡಕ್ಕೆ ಭಾಮೈದ, ಬಲಕ್ಕೆ ಟೀಚರಮ್ಮ, ಆಮೇಲೆ ದರ್ಜಿ. ಅವರ ಹಿಂದಿನ ಸಾಲಿನಲ್ಲೇ ಆ ದೊಡ್ಡ ರಂಗಮಂದಿರದ ಮಾಲೀಕರು ಬಂದು ಕೂತಿದ್ದರು. ಎಂಥ ನಾಟಕಕ್ಕೂ ಮೊದಲ ಅಂಕದಲ್ಲೇ ನಿದ್ದೆ ಹೋಗುವುದರಲ್ಲಿ ಅವರದು ಎತ್ತಿದ ಕೈ ಎಂದು ಊರೆಲ್ಲ ಹೇಳುತ್ತಿತ್ತು. ಅವರ ಕಣ್ಣು ಆಗಲೇ ಎಳೆಯುತ್ತಿತ್ತು.

ಗೃಹಸ್ಥ ಆಫೀಸಿನಿಂದ ಬಂದು ಸೋಫಾದಲ್ಲಿ ದೊಪ್ಪನೆ ಕೂತು ಬೂಟುಗಾಲನ್ನು ಮೇಲಿಟ್ಟ.

"ಕಾಲು ಕೆಳಗಿಡ್ರೀ," ಎಂದಿತು ಮುಂದಿನ ಸಾಲಿನಿಂದ ಭಾಮೈದನ ದನಿ.

ನಟ ಗಾಬರಿಯಾಗಿ ಕಾಲು ಇಳಿಸಿದ. ಸಭೆ ಗೊಳ್ಳೆಂದಿತು. ಮಾಲೀಕರ ಕಣ್ಣು ತೆರೆಯಿತು. ಮತ್ತೆ ಸ್ವಲ್ಪ ಹೊತ್ತಿಗೆ ಗೃಹಸ್ಥನ ಹೆಂಡತಿಯ ಪಾತ್ರದವಳು ಕನ್ನಡಿಗೆ ಒರಗಿ ಅಳತೊಡಗಿದಾಗ ದರ್ಜಿ ಎದ್ದು ನಿಂತು, "ಅಮ್ಮಾ, ಅಳೋದಾದ್ರೆ ಅಳಿ, ಬೆರಳಿನ ಗುರುತು ಬೀಳಿಸಬೇಡಿ," ಎಂದು ವಿನಯವಾಗಿ ಬೇಡಿಕೊಂಡ. ಪರದೆಯ ಮರೆಯಲ್ಲಿ ನಾಟಕಕಾರ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ಅವನಿಗೆ ಗಲ್ಲಾ, ಕುರ್ಚಿ, ಮೆತ್ತೆ ಎಲ್ಲ ಒಂದೊಂದಾಗಿ ಕಾಣತೊಡಗಿದವು.

ಕೊನೆಯ ಅಂಕ ಬಂತು. "ಈ ಮನೇಲಿ ನಂದು ಅಂತ ಏನಿದೆ?" ಎಂದು ಗರ್ಜಿಸಿದ ಗೃಹಸ್ಥ ಮೂಲೆಗೆ ನುಗ್ಗಿ ಸುತ್ತಿಗೆಗೆ ಕೈಹಾಕಿದ. ಸುತ್ತಿಗೆ ಇರಲಿಲ್ಲ. ಅತ್ತ ಇತ್ತ ನೋಡಿದ. ದೀಪದವನು ಮರೆತು ಬಿಟ್ಟಿದ್ದ ಕಬ್ಬಿಣದ ಸ್ಟೂಲು ಕಣ್ಣಿಗೆ ಬಿತ್ತು. ಸುತ್ತಿಗೆಗಿಂತ ಇದೇ ವಾಸಿ ಎನಿಸಿರಬೇಕು, ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಕನ್ನಡಿಯತ್ತ ಹೆಜ್ಜೆ ಹಾಕಿದ.

"ಅಯ್ಯಯ್ಯೋ, ನನ್ನ ಕನ್ನಡಿ," ಎನ್ನುತ್ತ ದರ್ಜಿ ಒಂದೇ ನೆಗೆತಕ್ಕೆ ರಂಗವೇರಿದ. ಕನ್ನಡಿಯನ್ನು ಮಗುವಿನಂತೆ ತಬ್ಬಿಕೊಂಡು, "ನಾಳೆ ನನ್ನ ಗಿರಾಕಿಗಳು ಎಲ್ಲಿ ನೋಡ್ಕೋಬೇಕು ಸ್ವಾಮಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊತ್ತುಕೊಂಡು ಹೋದ. ನಟ ದಿಕ್ಕು ತೋಚದೆ ಗಡಿಯಾರದ ಕಡೆ ತಿರುಗಿದರೆ, ಅದರ ಕೆಳಗೆ ಟೀಚರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಸ್ಟೂಲು ಕೆಳಗಿಡು. ಇಡು ಅಂದೆ."

ಅಂಥ ಆಳು, ಪಾಠ ಒಪ್ಪಿಸದ ಹುಡುಗನಂತೆ ಸ್ಟೂಲು ಕೆಳಗಿಟ್ಟ. ಟೀಚರಮ್ಮ ಕಣ್ಣಲ್ಲೇ ಸನ್ನೆ ಮಾಡಿದ್ದಕ್ಕೆ ಅದೇ ಸ್ಟೂಲು ಹತ್ತಿ ಗಡಿಯಾರ ಇಳಿಸಿ ಅವರ ಕೈಗೆ ಕೊಟ್ಟ. ಅವರು ಸೆರಗಿನಿಂದ ಅದರ ಗಾಜು ಒರೆಸಿಕೊಂಡು ಇಳಿದು ಹೋದರು. ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಉಳಿದದ್ದು ಸೋಫಾ. ನಟ ಅದರತ್ತ ತಿರುಗುವಷ್ಟರಲ್ಲಿ ಭಾಮೈದ ಬಂದು ಅದರ ತುಂಬ ಕೈಕಾಲು ಚಾಚಿ ಮಲಗಿಬಿಟ್ಟಿದ್ದ.

"ಯಾರಯ್ಯ ನೀನು, ನನ್ನ ಮನೇಲಿ?" ಎಂದ ನಟ, ಇನ್ನೂ ಪಾತ್ರದಲ್ಲೇ ಇದ್ದುಕೊಂಡು.

"ಮನೆ ನಿಂದೇ ಇರಬಹುದು. ಸೋಫಾ ನಂದು."

"ಇದನ್ನ ಒಡೆದೇ ನಾನು ಹೊರಗೆ ಹೋಗೋದು."

"ಹಾಗಾದ್ರೆ ಒಳಗೇ ಇರು," ಎಂದ ಭಾಮೈದ.

ನಟ ಒಂದು ತುದಿ ಎಳೆದ, ಭಾಮೈದ ಎದ್ದು ಇನ್ನೊಂದು ತುದಿ ಎಳೆದ. ಟೈಲ್ಸ್ ಪೆಟ್ಟಿಗೆ ಹೊತ್ತು ಪಳಗಿದ ಕೈ, ಸೋಫಾ ಅವನ ಕಡೆಗೇ ಜಾರಿತು. ಹಿಡಿತ ತಪ್ಪಿದ ನಟ ಬರಿ ನೆಲದ ಮೇಲೆ ಕುಕ್ಕರಿಸಿದ. ಸೋಫಾ ಗರಗರ ಸದ್ದು ಮಾಡುತ್ತ ಮರೆಗೆ ಹೋಯಿತು. ಖಾಲಿ ರಂಗದ ನಡುವೆ ಆ ದೊಡ್ಡ ಮನುಷ್ಯ ಸುತ್ತಲೂ ನೋಡಿದ. ಏನೂ ಇರಲಿಲ್ಲ. ಏನು ಹೇಳಬೇಕೆಂದು ತಿಳಿಯದೆ, ನಿಜಕ್ಕೂ ಅಳು ಬಂದು, "ಒಂದನ್ನೂ ಒಡೆಯೋಕೆ ಬಿಡಲಿಲ್ಲವಲ್ಲ," ಎಂದ. ಪರದೆ ಬಿತ್ತು.

ಮರೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದ ನಾಟಕಕಾರನಿಗೆ ದೊಡ್ಡ ಸದ್ದು ಕೇಳಿಸಿತು. ಜನ ಯಾರನ್ನೋ ಹಿಡಿದು ಬಡಿಯುತ್ತಿದ್ದಾರೆ ಎಂದುಕೊಂಡ. ಇಣುಕಿ ನೋಡಿದರೆ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು.

ಮಾಲೀಕರು ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದರು. "ಒಡೆದುಹಾಕೋ ನಾಟಕ ಎಷ್ಟೋ ನೋಡಿದೀನಿ. ಒಡೆಯೋಕೂ ತನ್ನದು ಅಂತ ಒಂದು ವಸ್ತು ಇಲ್ಲದ ಮನುಷ್ಯ. ಅಬ್ಬಾ. ಯಾರ ಯೋಚನೆ ಇದು?"

"ನಂದೇ," ಎಂದ ನಿರ್ದೇಶಕ ಕ್ಷಣವೂ ತಡಮಾಡದೆ.

"ಇಡೀ ಸೀಸನ್ ನನ್ನ ಮಂದಿರದಲ್ಲಿ ಆಡಿ. ಸೋಮವಾರದಿಂದಲೇ. ದಿನಾ ಎರಡು ಆಟ."

ನಾಟಕಕಾರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಂಡತಿ ಅವನ ತೋಳು ಹಿಡಿದುಕೊಂಡು, "ಗೆದ್ರಿ ಕಣ್ರೀ," ಎಂದಳು. ಅವಳ ಕಣ್ಣು ತುಂಬಿತ್ತು. ಮದುವೆಯಾದ ಮೇಲೆ ಅವನಿಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

"ಒಂದೇ ಮಾತು," ಎಂದರು ಮಾಲೀಕರು. "ಜನರ ಮಧ್ಯೆ ಕೂರಿಸಿದ್ರಲ್ಲ ಮೂರು ಜನ ನಟರನ್ನ, ಅವರೇ ಬೇಕು ನನಗೆ. ಮುಖ್ಯವಾಗಿ ಆ ಸೋಫಾದವರು. ಎಷ್ಟು ಸಹಜ ಅಭಿನಯ. ಅವರಿಲ್ಲ ಅಂದ್ರೆ ಈ ನಾಟಕ ನನಗೆ ಬೇಡ."

ಟೀಚರಮ್ಮ ತಮಗೆ ಹೊತ್ತೇ ಹೋಗುವುದಿಲ್ಲವೆಂದು ಆಗಲೇ ಒಪ್ಪಿಬಿಟ್ಟರು. ದರ್ಜಿ ಬೆಳಗಿನ ಹೊತ್ತು ಹೊಲಿದುಕೊಳ್ಳುತ್ತೇನೆಂದ. ಭಾಮೈದ ಮಾತ್ರ ಬಣ್ಣದ ಕೋಣೆಯ ಕನ್ನಡಿಯಲ್ಲಿ ತನ್ನ ಮುಖದ ಎಡಗಡೆ, ಬಲಗಡೆ ನೋಡಿಕೊಳ್ಳುತ್ತಾ ನಿಂತಿದ್ದವನು ನಿಟ್ಟುಸಿರುಬಿಟ್ಟ.

"ಮಾಡೋಕೆ ನನಗೇನೋ ಆಸೆನೇ. ಆದರೆ ಬೆಳಿಗ್ಗೆ ರಿಹರ್ಸಲ್, ಆಮೇಲೆ ಎರಡೆರಡು ಆಟ ಅಂದ್ರೆ ನನ್ನ ಅಂಗಡೀಲಿ ಯಾರಕ್ಕ ಕೂರ್ತಾರೆ? ಹೊರಗಿನವರನ್ನ ನಂಬಿ ಬಿಡೋ ಕಾಲ ಅಲ್ಲ ಇದು."

ಹೆಂಡತಿ ಮೆಲ್ಲಗೆ ಗಂಡನ ಕಡೆ ತಿರುಗಿದಳು.

"ಹಾಗೆ ನೋಡಬೇಡಿ," ಎಂದಳು. "ನಿಮ್ಮ ನಾಟಕ ನಿಲ್ಲಬೇಕೋ ಬೇಡವೋ, ನೀವೇ ಹೇಳಿ."

ಸೋಮವಾರ ಬೆಳಿಗ್ಗೆ ನಾಟಕಕಾರ ಗಲ್ಲಾದ ಪಕ್ಕದ ಮೆತ್ತೆಯ ಮೇಲೆ ಕೂತು, ಒಂದು ದಂಪತಿಗೆ ತಿಳಿ ಹಸಿರು ತೋರಿಸುತ್ತಿದ್ದಾಗ ಫೋನು ಬಂತು. ಭಾಮೈದ ರಂಗಮಂದಿರದಿಂದ ಮಾತಾಡುತ್ತಿದ್ದ.

"ಭಾವ, ಕೊನೇ ಅಂಕದಲ್ಲಿ ನನ್ನ ಮಾತು ಸ್ವಲ್ಪ ಕಮ್ಮಿ ಆಯ್ತು ಅಂತ ಎಲ್ರೂ ಅಂತಿದಾರೆ. ಗಿರಾಕಿ ಇಲ್ಲದಾಗ ಕೂತು ಇನ್ನೊಂದೆರಡು ಪುಟ ಬರೆದಿಟ್ಟಿರಿ. ಹಾಂ, ನೆಲ ಒರೆಸಿಯಾದ ಮೇಲೆ."