ಪೋಲೆಂಡಿನ ಬಸ್ಸಿಗೆ ಅಂಬಲಿ

ನನ್ನ ಅಕ್ಕ ಹುಟ್ಟಿದ ಕೂಡಲೇ ಅಳಲಿಲ್ಲವಂತೆ. ನರ್ಸಬಾಯಿ ಬೆನ್ನು ತಟ್ಟಿದಳು, ಕಾಲು ಹಿಡಿದು ತಲೆಕೆಳಗು ಮಾಡಿದಳು. ಊಹೂಂ! 'ಎಲ್ಲಾ ಕೂಸು ಅಳ್ತಾವ ಅಂತ ನಾ ಯಾಕ ಅಳಬೇಕು?' ಎನ್ನುವ ಹಾಗೆ ಹುಬ್ಬು ಗಂಟಿಕ್ಕಿ ನೋಡಿದಳಂತೆ. ಇದನ್ನು ನಮ್ಮವ್ವ ಆಣೆ ಮಾಡಿ ಹೇಳುತ್ತಾಳೆ. ಅಕ್ಕನ ಜೊತೆ ಒಂದು ವಾರ ಕಳೆದವರು ಆಣೆ ಇಲ್ಲದೆಯೇ ನಂಬುತ್ತಾರೆ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ದೊಡ್ಡ ಮಾಮಾನ ಮಗಳು. ನನಗಿಂತ ಬರೋಬ್ಬರಿ ಮೂರು ತಿಂಗಳಿಗೆ ಹಿರಿಯಳು. ಮೂರು ತಿಂಗಳಿಗೆಲ್ಲ ಯಾರಾದರೂ 'ಅಕ್ಕ' ಎನ್ನುತ್ತಾರೆಯೇ? ನಾನು ಎನ್ನುತ್ತೇನೆ. ಎನ್ನದಿದ್ದರೆ ಆಕೆ ತಿರುಗಿಯೇ ನೋಡುವುದಿಲ್ಲ! ಮರಾಠಿ ಸೀಮೆಯ ಗಡಿಯ ನಿಲಂಗಾದಲ್ಲಿ ನಮ್ಮದು ಬಟ್ಟೆ ಅಂಗಡಿ. ಆಕೆ ಬಂದು ಗಲ್ಲಾಪೆಟ್ಟಿಗೆಯ ಹತ್ತಿರ ಕೂತಳೆಂದರೆ, ಮರಾಠಿಯಲ್ಲಿ ಕೇಳಿದ ಗಿರಾಕಿಗೆ ಕನ್ನಡದಲ್ಲಿ ಉತ್ತರ, ಕನ್ನಡದಲ್ಲಿ ಕೇಳಿದವರಿಗೆ ಮರಾಠಿಯಲ್ಲಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೀವು ನೋಡಿರುತ್ತೀರಿ. ಇವಳು ಆ ಮೊಲದ ಬಾಯಿಂದಲೇ 'ಹೌದ್ರೀ, ಮೂರೇ' ಎಂದು ಹೇಳಿಸುವವಳು.

ಇಂಥವಳ ಜೊತೆ ನಾನು ಪೋಲೆಂಡ್ ದೇಶಕ್ಕೆ ಹೋದೆ. ನಾವಿಬ್ಬರೂ ಕೃಷಿ ಓದುತ್ತಿದ್ದ ಕಾಲೇಜಿನಿಂದ ಐದು ತಿಂಗಳ ವಿದ್ಯಾರ್ಥಿ ವಿನಿಮಯ. ಅಲ್ಲಿಯ ಇಬ್ಬರು ಇಲ್ಲಿಗೆ, ಇಲ್ಲಿಯ ಇಬ್ಬರು ಅಲ್ಲಿಗೆ. ಈ ಅದಲುಬದಲಿನಲ್ಲಿ ಯಾವ ದೇಶಕ್ಕೆ ಲುಕ್ಸಾನಾಯಿತು ಎಂದು ನನ್ನನ್ನು ಕೇಳಬೇಡಿ.

ವಿಮಾನ ನಿಲ್ದಾಣದಲ್ಲೇ ಶುರುವಾಯಿತು. ಅಕ್ಕನ ಚೀಲದಲ್ಲಿ ನಾಲ್ಕು ಕಿಲೋ ಜೋಳದ ಹಿಟ್ಟು, ಎರಡು ಕಿಲೋ ಸಜ್ಜೆ ಹಿಟ್ಟು, ಒಂದು ಡಬ್ಬಿ ವಿಭೂತಿ. ಅಧಿಕಾರಿ ಹಿಟ್ಟಿನ ಗಂಟು ಎತ್ತಿ ಹಿಡಿದು, "ಈ ಬಿಳಿ ಪುಡಿ ಏನು?" ಎಂದ. ಅಕ್ಕ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಅವನು ವಿಭೂತಿ ಎತ್ತಿದ. ಅಕ್ಕ ಅದನ್ನು ಹಣೆಗೆ ಹಚ್ಚಿಕೊಂಡಳು. ಅವನು ಇನ್ನೂ ನೋಡುತ್ತಲೇ ಇದ್ದ. "ನಿನಗೂ ಹಚ್ಚಲೇನಪಾ?" ಎಂದು ಆಕೆ ಕೈ ಮುಂದೆ ಮಾಡಿದ ಮೇಲೆ ಚೀಲ ಮುಚ್ಚಿ ಕೊಟ್ಟ.

ಡಿಸೆಂಬರ್ ಬಂತು. ಊರೆಲ್ಲ ದೀಪ, ಗಂಟೆ, ಬೇಕರಿಯ ಬೆಲ್ಲದಂಥ ವಾಸನೆ. ಎಲ್ಲರೂ ಮನೆಗೆ ಹೊರಟರು. ಅಷ್ಟು ದೊಡ್ಡ ಹಾಸ್ಟೆಲಿನಲ್ಲಿ ಉಳಿದವರು ನಾವಿಬ್ಬರು, ಕೆಳಗಿನ ಮನೆಯಲ್ಲಿ ಕೀಲಿಕೈ ನೋಡಿಕೊಳ್ಳುವ ಒಬ್ಬ ಅಜ್ಜಿ. ನಿಜ ಹೇಳುತ್ತೇನೆ, ನನಗೆ ಅಳು ಬರುತ್ತಿತ್ತು. ಆ ವರ್ಷ ನಮ್ಮ ಎಳ್ಳಮಾಸಿಯೂ ಆ ದಿನಗಳಲ್ಲೇ, ಅವರ ಹಬ್ಬದೂಟದ ಹಿಂದಿನ ದಿನವೇ ಬಿದ್ದಿತ್ತು.

ಎಳ್ಳ ಅಮಾವಾಸ್ಯೆ ನಿಮಗೆಲ್ಲ ಗೊತ್ತು. ನಮ್ಮ ಕಡೆ ಅದನ್ನು ಮರಾಠಿಯವರು 'ವೇಳ ಅಮಾವಾಸ್ಯಾ' ಎನ್ನುತ್ತಾರೆ. "ನಮ್ಮ ಎಳ್ಳ ಕದ್ದು ವೇಳ ಮಾಡ್ಯಾರ" ಎಂದು ಅಕ್ಕ ಕಾಸಾರಶಿರಸಿಯ ಸಂತೆಯಲ್ಲಿ ನಿಂತು ಜಗಳ ಮಾಡಿದ್ದಾಳೆ. ಆ ದಿನ ಊರಲ್ಲಿ ನಾಯಿಯೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಜೋಳದ ಕಣಕಿಯಿಂದ, ಅಂದರೆ ಒಣ ದಂಟಿನಿಂದ, ಗುಡಿಸಲಿನಂಥ ಕೊಪ್ಪ ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಸೊಪ್ಪು-ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ಉಂಡಿ, ಅಂಬಲಿ ಉಣ್ಣಬೇಕು. ಒಬ್ಬರೇ ಉಣ್ಣುವಂತಿಲ್ಲ, ದಾರಿಯಲ್ಲಿ ಹೋಗುವವರನ್ನೂ ಕರೆಯಬೇಕು.

ಕರೆಯುವುದರಲ್ಲಿ ದೊಡ್ಡ ಮಾಮಾನನ್ನು ಮೀರಿಸಿದವರಿಲ್ಲ. ಅವನ ಹೊಲ ವಲಾಂಡಿಯಲ್ಲಿ, ಉದಗೀರದ ರಸ್ತೆಗೆ ಹತ್ತಿಕೊಂಡೇ ಇತ್ತು. ಅಂಬಲಿ ಗಡಿಗೆ ಹಿಡಿದು ನಟ್ಟನಡುವೆ ನಿಲ್ಲುತ್ತಿದ್ದ. ಜೀಪು, ಟ್ರ್ಯಾಕ್ಟರ್, ಮದುವೆ ದಿಬ್ಬಣ, ಏನೇ ಬರಲಿ ನಿಲ್ಲಬೇಕು. "ಉಣ್ರಿ, ಉಣ್ರಿ! ಹೊಲದಾಗ ಕುಂತು ನಾಚಬ್ಯಾಡ್ರಿ!" ಹಿಂದಿನ ವರ್ಷ ಒಬ್ಬ ಲಾರಿ ಡ್ರೈವರನನ್ನು ನಿಲ್ಲಿಸಿದ. ಅವನು, "ಉದಗೀರದಾಗ ಮಾಲ್ ಇಳಿಸಿ ಬರ್ತೀನ್ರೀ, ಪಕ್ಕಾ" ಎಂದು ಹೋದ. ಮಾಮಾ ಅವನ ಪಾಲು ತೆಗೆದಿಟ್ಟು, ತಾನೂ ಉಣ್ಣದೆ, ಹೊತ್ತು ಮುಳುಗುವ ತನಕ ರಸ್ತೆ ನೋಡುತ್ತ ಕೂತ. ಡ್ರೈವರ್ ಬರಲಿಲ್ಲ. ನಾವೆಲ್ಲ ನಕ್ಕೆವು, ಸಣ್ಣ ಮಾಮಾ ಎಲ್ಲರಿಗಿಂತ ಜೋರಾಗಿ ನಕ್ಕ. ಅಕ್ಕ ಮಾತ್ರ ಅಪ್ಪನ ಪಕ್ಕದಲ್ಲಿ ಉಪವಾಸ ಕೂತಿದ್ದಳು.

ಯುಗಾದಿಗೆ ಮೊದಲೇ ದೊಡ್ಡ ಮಾಮಾ ಹೃದಯ ನಿಂತು ಹೋಗಿಬಿಟ್ಟ. ನಮ್ಮ ಪದ್ಧತಿಯಂತೆ ಅದೇ ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದೆವು. ಅಕ್ಕ ಆಗಲೂ ಅಳಲಿಲ್ಲ. ಬಂದ ಹೆಂಗಸರು "ಹುಡುಗಿದು ಕಲ್ಲಿನ ಕರುಳು" ಎಂದರು. "ನಮ್ಮಪ್ಪ ಸತ್ತಾನ. ಹೆಂಗ ಅಳಬೇಕು ಅನ್ನೂದು ನೀವು ಹೇಳ್ತೀರೇನು?" ಎಂದು ಕೇಳಿ ಅವರ ಬಾಯಿ ಮುಚ್ಚಿಸಿದಳು.

ಈಗ ಎಳ್ಳಮಾಸಿ ಎರಡು ದಿನವಿರುವಾಗ ಸಣ್ಣ ಮಾಮಾನ ಫೋನು ಬಂತು. ಅವನು ಅಕ್ಕನಿಗೆ ಕಾಕಾ.

"ತಾಯಿ, ಈ ವರ್ಷ ಹೊಲದಾಗ ಕೊಪ್ಪ ಹಾಕಂಗಿಲ್ಲ. ಅಣ್ಣ ಹೋಗಿ ಇನ್ನಾ ವರ್ಷ ಆಗಿಲ್ಲ. ಹಬ್ಬ ಮಾಡಿದರ ಮಂದಿ ಏನಂದಾರು?"

"ಕಾಕಾ, ಕೊಳ್ಳಾಗ ಲಿಂಗ ಅದಾನೋ ಇಲ್ಲೋ?"

"ಅದಾ ಅಲ್ಲವಾ."

"ಲಿಂಗ ಕಟ್ಟಿದವರಿಗಿ ಸೂತಕ ಎಲ್ಲಿಂದ ಬಂತು? ಭೂಕಂಪ ಆದ ವರ್ಷ ಸುದ್ದಾ ನಮ್ಮ ಹೊಲದಾಗ ಕೊಪ್ಪ ತಪ್ಪಿಲ್ಲ. ಮನಿ ಬಿದ್ದಿದ್ದವು, ಕೊಪ್ಪ ನಿಂತಿತ್ತು. ಅಪ್ಪ ನೂರ ಸಲ ಹೇಳ್ಯಾನ."

"ಶಾಸ್ತ್ರ ಬ್ಯಾರೆ, ರೂಢಿ ಬ್ಯಾರೆ, ಬೇಟಾ."

"ಆಯ್ತು. ನೀವಲ್ಲಿ ರೂಢಿ ಮಾಡ್ರಿ, ನಾ ಇಲ್ಲಿ ಶಾಸ್ತ್ರ ಮಾಡ್ತೀನಿ!" ಎಂದು ಫೋನಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪನ ಕೊಪ್ಪ ನನ್ನ ಕಾಲಕ್ಕ ತಪ್ಪಿತು ಅಂತ ಅನಿಸಿಕೊಳ್ಳಂಗಿಲ್ಲ. ಏಳು" ಎಂದಳು. ಆ 'ಏಳು' ಕೇಳಿದ ಮೇಲೆ ಕೂತಿರುವ ಧೈರ್ಯ ನನಗೆ ಇಲ್ಲ.

ಪೋಲೆಂಡಿನಲ್ಲಿ ಜೋಳದ ಕಣಕಿ ಎಲ್ಲಿ ಸಿಗಬೇಕು? ಹಬ್ಬದ ಮರ ಮಾರುವವನು ಕಡಿದು ಬಿಸಾಡಿದ ಹಸಿರು ಟೊಂಗೆಗಳನ್ನು ಹೊತ್ತು ತಂದೆವು. ಎಳ್ಳಮಾಸಿಯ ದಿನ ಹಾಸ್ಟೆಲ್ ಹಿಂದಿನ ಹಿಮದಲ್ಲಿ ಕೊಪ್ಪ ಎದ್ದಿತು. ಐದು ಕಲ್ಲಿಗೆ ಸುಣ್ಣದ ಬದಲು ವಿಭೂತಿ. ಅಂಗಡಿಯ ಮಜ್ಜಿಗೆಗೆ ಜೋಳದ ಹಿಟ್ಟು, ಬೆಳ್ಳುಳ್ಳಿ ಹಾಕಿ ಅಂಬಲಿ. ಹಾಸ್ಟೆಲಿನ ಕಂಬಳಿ ಹೊದ್ದು ಗಡಿಗೆ ಹಿಡಿದು ಕೊಪ್ಪ ಸುತ್ತುವ ಕೆಲಸ ನನ್ನದು. ಹಿಂದಿನಿಂದ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲುತ್ತ ಕೂಗುವುದು ಆಕೆಯದು.

"ಓಲಗ್ಯೋ ಓಲಗ್ಯೋ! ಸಾಲಂ ಪೋಲಗ್ಯೋ!"

ಇದರ ಅರ್ಥವೇನೆಂದು ನನ್ನನ್ನು ಕೇಳಬೇಡಿ, ಕೂಗುವವರಿಗೂ ಗೊತ್ತಿಲ್ಲ. ಗದ್ದಲ ಕೇಳಿ ಕೀಲಿಕೈ ಅಜ್ಜಿ ಕೋಲು ಹಿಡಿದು ಓಡಿ ಬಂದಳು. ಈಗ ನಮ್ಮನ್ನು ಊರಿಗೆ ಅಟ್ಟುತ್ತಾಳೆ ಎಂದುಕೊಂಡೆ. ಅಜ್ಜಿ ಕೊಪ್ಪದೊಳಗೆ ಬಗ್ಗಿ ನೋಡಿದಳು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು, ಕಣ್ಣು ಒರೆಸಿಕೊಂಡಳು, ಒಳಗೆ ಹೋದಳು. ಮರಳಿ ಬಂದಾಗ ಅವಳ ಕೈಯಲ್ಲಿ ಅಂಗೈಯಗಲದ ಒಂದು ಮಣ್ಣಿನ ಕೂಸು! ಆಗ ನನಗೆ ಹೊಳೆಯಿತು. ಅವರೂ ಈ ಹಬ್ಬಕ್ಕೆ ಯೇಸು ಹುಟ್ಟಿದ ಗುಡಿಸಲು ಕಟ್ಟುತ್ತಾರೆ. ನಾವು ಅದನ್ನೇ ಕಟ್ಟಿ, ಕೂಸು ಇಡುವುದನ್ನು ಮರೆತಿದ್ದೇವೆ ಎಂದು ಅಜ್ಜಿ ತಿಳಿದಿದ್ದಳು. ಪಾಂಡವರ ಪಕ್ಕದಲ್ಲಿ ಕೂಸನ್ನು ಮೆಲ್ಲಗೆ ಮಲಗಿಸಿದಳು.

ನಾನು ಅಕ್ಕನ ಮುಖ ನೋಡಿದೆ. ಪೋಲೆಂಡಿಗೂ ವಲಾಂಡಿಗೂ ಯುದ್ಧ ಈಗ ಶುರು! ಆಕೆ ಐದು ಕಲ್ಲು ನೋಡಿದಳು, ಕೂಸನ್ನು ನೋಡಿದಳು.

"ಇರಲಿ ಬಿಡು. ಇಂವಾ ಕರ್ಣ."

"ಏನು?"

"ದೇವರು ಕೊಟ್ಟ ಕೂಸು. ಹುಟ್ಟಿದಾಗ ಇಡಲಿಕ್ಕ ಜಾಗ ಇರಲಿಲ್ಲ. ಇಷ್ಟ ದಿನ ಐದ ಮಂದಿನೇ ಉಂಡಾರ, ಈ ವರ್ಷ ಅಣ್ಣನೂ ಉಣಲಿ" ಎಂದು ಅದರ ಮುಂದೆಯೂ ಒಂದು ಸಜ್ಜೆ ಉಂಡಿ ಇಟ್ಟಳು. ಅಜ್ಜಿಗೆ ಒಂದಕ್ಷರವೂ ತಿಳಿಯದಿದ್ದರೂ ತಲೆಯಾಡಿಸಿದಳು, ಮರುದಿನ ಸಂಜೆ ತನ್ನ ಮನೆಗೆ ಹಬ್ಬದೂಟಕ್ಕೆ ಕರೆದಳು.

"ನಮ್ಮ ಹಬ್ಬದೂಟಕ್ಕೆ ಮಾಂಸ ಇಲ್ಲವೇ ಇಲ್ಲ" ಎಂದು ಅಜ್ಜಿ ಮೊದಲೇ ಹೇಳಿದ್ದಳು. ನನ್ನ ಮೊಬೈಲು ಅನುವಾದಿಸಿತ್ತು. ಅಕ್ಕ ಹಿಗ್ಗಿ ಹೋದಳು: "ನೋಡು, ಇವರೂ ನಮ್ಮಂಗ!" ಮರುದಿನ ಅಜ್ಜಿಯ ಮನೆಗೆ ಹೋಗಿ ಕೈ ತೊಳೆಯಲು ಬಚ್ಚಲಿಗೆ ಹೊಕ್ಕವಳು ಚಿಟ್ಟನೆ ಚೀರಿದಳು. ಸ್ನಾನದ ತೊಟ್ಟಿಯಲ್ಲಿ ಮೊಳದುದ್ದದ ಮೀನು ಈಜುತ್ತಿದೆ! ಅದು ಅಂದಿನ ಅಡುಗೆ. ಮಾಂಸ ಇಲ್ಲ ಎಂದಿರಲ್ಲ ಎಂದರೆ, ಅಜ್ಜಿ ಅಚ್ಚರಿಯಿಂದ, ಇದು ಮಾಂಸವಲ್ಲ, ಮೀನು ಎಂದಳು. "ಆಯೀ, ನೀ ಮಾಂಸ ಅಲ್ಲ ಅಂತ ಆ ಮೀನಿಗಿ ಹೇಳೀದೇನು?" ಎಂದು ಅಕ್ಕ ತೊಟ್ಟಿಯ ಅಂಚಿಗೆ ಕೂತೇಬಿಟ್ಟಳು. ಅರ್ಧ ಗಂಟೆ ಏಳಲಿಲ್ಲ. ಕೊನೆಗೆ ಅಂದಿನ ಮಟ್ಟಿಗೆ ಮೀನು ಉಳಿಯಿತು, ಅದರ ಜಾಗಕ್ಕೆ ನಮ್ಮ ಭಜ್ಜಿ ಬಂತು. ಹಬ್ಬ ಮುಗಿದ ಮೇಲೆ ಅದರ ಗತಿ ಏನಾಯಿತೆಂದು ನಾನು ಕೇಳಲಿಲ್ಲ.

ಮೇಜಿನ ಬಟ್ಟೆ ಒಂದು ಕಡೆ ಉಬ್ಬಿತ್ತು. ಅಕ್ಕ ಎತ್ತಿ ನೋಡಿದರೆ ಕೆಳಗೆ ಒಣಹುಲ್ಲು! ಅದು ಅವರ ಪದ್ಧತಿ. "ಹುಲ್ಲು ಅದಾ, ಕೊಪ್ಪ ಅದಾ. ಇದು ಎಳ್ಳಮಾಸಿನೇ. ಇಲ್ಲಿಗೂ ಬಂದು ಯಾರೋ ಕದ್ದಾರ!" ಎಂದಳು. ನಾವು ಮೂವರು, ಆದರೆ ತಾಟು ನಾಲ್ಕಿದ್ದವು.

"ಇದು ಯಾರಿಗಿ?"

ಕರೆಯದೆ ಬರುವ ಅತಿಥಿಗೆ ಎಂದು ಅಜ್ಜಿ ಹೇಳಿದಳು. ಪ್ರತಿ ವರ್ಷ ಇಡಬೇಕು. ಯಾರಾದರೂ ಬಂದಿದ್ದಾರೆಯೇ ಎಂದು ಅಕ್ಕ ಕೇಳಿದಳು. ಅಜ್ಜಿ ನಕ್ಕು, ಮದುವೆಯಾಗಿ ಬಂದಾಗಿನಿಂದ ಇಡುತ್ತಿದ್ದೇನೆ, ಒಬ್ಬರೂ ಬಂದಿಲ್ಲ ಎಂದಳು.

ಅಕ್ಕನ ಮುಖ ಕೆಂಪಾಯಿತು. "ತಾಟು ಇಟ್ಟು ಮನ್ಯಾಗ ಕುಂತರ ಯಾರು ಬರ್ತಾರ? ರೋಡಿಗಿ ಹೋಗಿ ಕರೀಬೇಕು!" ಎಂದವಳೇ ಅಂಬಲಿ ಗಡಿಗೆ ಎತ್ತಿಕೊಂಡು ಹೊರಗೆ ನಡೆದಳು. ನಾನು ಬಟ್ಟಲು ಹಿಡಿದು ಹಿಂದೆ ಓಡಿದೆ. ಹಿಮ ಬೀಳುತ್ತಿತ್ತು, ಬೀದಿ ಖಾಲಿ. ದೂರದಲ್ಲಿ ಒಂದು ಬಸ್ಸು ಬಂತು. ಅಕ್ಕ ರಸ್ತೆಯ ನಡುವೆ ನಿಂತು, ಗಡಿಗೆ ಬಗಲಲ್ಲಿ ಇಟ್ಟುಕೊಂಡು, ಒಂದು ಕೈ ಎತ್ತಿದಳು. ಥೇಟ್ ದೊಡ್ಡ ಮಾಮಾ!

ಬಸ್ಸು ನಿಂತಿತು. ಬಾಗಿಲು ತೆರೆಯಿತು. ಬಿಳಿ ಮೀಸೆಯ ಡ್ರೈವರ್ ಏನೋ ಒದರಿದ. ಅಕ್ಕ, "ಅಂಬಲಿ ಕುಡೀರಿ, ಆಮ್ಯಾಲ ಊಟಕ್ಕ ಬರ್ರಿ" ಎಂದಳು. ನನಗೆ ಗೊತ್ತಿದ್ದ ನಾಲ್ಕು ಪೋಲಿಷ್ ಪದ ಜೋಡಿಸಿ, "ಸಾರು. ತಣ್ಣಗೆ. ಮನೆ. ದಯವಿಟ್ಟು" ಎಂದೆ. ಅವನು ಸುರಿಯುವ ಹಿಮ ನೋಡಿದ, ತಣ್ಣನೆಯ ಸಾರು ನೋಡಿದ, ಖಾಲಿ ಬಸ್ಸು ನೋಡಿದ. ಬಟ್ಟಲು ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದ! ಹುಳಿಗೆ ಮುಖ ಕಿವಿಚಿ, ಗಡಿಯಾರ ತೋರಿಸಿ, ಬಸ್ಸು ಬಿಟ್ಟು ಬರುತ್ತೇನೆ ಎಂಬಂತೆ ಕೈ ಮಾಡಿದ. ಅಕ್ಕ ದೀಪ ಹಚ್ಚಿದ್ದ ಅಜ್ಜಿಯ ಮನೆಯ ಕಿಟಕಿ ತೋರಿಸಿದಳು. ಬಸ್ಸು ಹೋಯಿತು.

ಬರುವುದಿಲ್ಲ ಎಂದು ನನಗೆ ಖಾತ್ರಿ ಇತ್ತು. ಅಜ್ಜಿಗೂ ಇತ್ತು. ಮೊದಲ ನಕ್ಷತ್ರ ಮೂಡಿದಾಗ ಉಣ್ಣುವುದು ನಮ್ಮ ಪದ್ಧತಿ, ಹೊತ್ತಾಯಿತು, ಶುರು ಮಾಡೋಣ ಎಂದಳು. "ಕರದೀನಿ. ಬರೋತನಕ ಉಣ್ಣಂಗಿಲ್ಲ" ಎಂದು ಅಕ್ಕ ಆ ಖಾಲಿ ತಾಟಿನ ಎದುರು ಕೂತಳು. ಅರ್ಧ ಗಂಟೆ. ಒಂದು ಗಂಟೆ. ಸಾರು ಆರಿತು. ಆಕೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಅಂದು ಹೊಲದಲ್ಲಿ ನಕ್ಕಿದ್ದಕ್ಕೆ ನನಗೆ ಈಗ ನಾಚಿಕೆಯಾಗುತ್ತಿತ್ತು. ಇವನೂ ಬರದಿದ್ದರೆ ಇವಳಿಗೆ ನಾನೇನು ಹೇಳಲಿ ಎಂದು ಒಳಗೇ ಒದ್ದಾಡುತ್ತಿದ್ದೆ.

ಬಾಗಿಲ ಗಂಟೆ ಬಡಿಯಿತು.

ಸಮವಸ್ತ್ರದಲ್ಲೇ ಬಂದಿದ್ದ. ಟೋಪಿ ಕೈಯಲ್ಲಿ, ಭುಜದ ಮೇಲೆ ಹಿಮ. ಅಜ್ಜಿ 'ಅಯ್ಯೋ ದೇವರೇ' ಎಂಬ ಧಾಟಿಯಲ್ಲಿ ಏನೋ ಹೇಳಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವನು ಸಂಕೋಚದಿಂದ ನಾಲ್ಕನೆಯ ತಾಟಿನ ಮುಂದೆ ಕೂತ. ಅಕ್ಕ ಕೂರಲಿಲ್ಲ. ನಿಂತೇ ಬಡಿಸಿದಳು. ಭಜ್ಜಿ ಹಾಕಿದಳು, ಉಂಡಿ ಮುರಿದು ಇಟ್ಟಳು, ಬಟ್ಟಲು ತುಂಬಿದಳು.

"ಉಣ್ರಿ, ಉಣ್ರಿ. ಹೊಲದಾಗ ಕುಂತು ನಾಚಬ್ಯಾಡ್ರಿ" ಎಂದಳು. ಹುಟ್ಟಿದಾಗ ಅಳದವಳು, ಅಪ್ಪನಿಗೆ ಮಣ್ಣು ಹಾಕುವಾಗ ಅಳದವಳು, ಪರದೇಶದ ಒಬ್ಬ ಬಸ್ಸಿನ ಡ್ರೈವರನ ತಾಟಿಗೆ ಬಡಿಸುತ್ತ ಸೌಟು ಹಿಡಿದೇ ಹೋ ಎಂದು ಅತ್ತಳು. ನಾನೂ ಅತ್ತೆ. ಅಜ್ಜಿಯೂ ಅತ್ತಳು. ಪಾಪ, ಡ್ರೈವರ್ ಹೆದರಿ ಇನ್ನೊಂದು ಉಂಡಿ ತೆಗೆದುಕೊಂಡ.

ಅವನು ಉಂಡು ಎದ್ದ ಮೇಲೆ ಅಕ್ಕ ಮೂಗು ಒರೆಸಿಕೊಂಡು ವಲಾಂಡಿಗೆ ಫೋನ್ ಹಚ್ಚಿದಳು.

"ಕಾಕಾ, ಡ್ರೈವರ್ ಬಂದಿದ್ದ."

ಯಾವ ಡ್ರೈವರ್ ಎಂದು ಸಣ್ಣ ಮಾಮಾ ಕೇಳಲಿಲ್ಲ.

"ಬಂದನೇನವಾ?" ಎಂದ. "ಉಂಡನೇನು?"

"ಉಂಡ."

"ಮುಂಜಾನಿ ಹೊಲಕ್ಕ ಹೋಗ್ತೀನಿ, ತಾಯಿ. ಕೊಪ್ಪ ಹಾಕಿ, ಅಣ್ಣಗ ಹೇಳಿ ಬರ್ತೀನಿ."

"ಹೇಳ್ರಿ," ಎಂದಳು ಅಕ್ಕ. "ಅಂಬಲಿ ಮೂರು ಬಟ್ಟಲ ಕುಡದಾನ ಅಂತನೂ ಹೇಳ್ರಿ."